ಎಲ್ಲಿಂದ ಮೂರಡಿ?

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಉಂಗುರ ಒತ್ತಿದಂಥ ಒಂದು ದುಂಡು ಗುರುತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಪೈಪಿನಿಂದ ಬಂದದ್ದು. ಮಟ್ಟ ನೋಡಲು ಗಾರೆ ಕೆಲಸದವರು ಇಟ್ಟುಕೊಳ್ಳುತ್ತಾರಲ್ಲ, ಒಳಗಿನ ನೀರು ಕಾಣುವ ಸಣ್ಣ ಪೈಪು, ಅದಕ್ಕೆ ನೀರು ತುಂಬಿ, ಚೆಲ್ಲದಂತೆ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಊರೂರು ತಿರುಗಿ ಆದ ಗುರುತು. ಆ ಕೆಲಸಕ್ಕೆ ಆಳುಗಳಿದ್ದರು. ಇವರಿಗೆ ಮಾತ್ರ ಪೈಪು ಬೇರೆಯವರ ಕೈಗೆ ಕೊಟ್ಟರೆ ಸಮಾಧಾನವಿರಲಿಲ್ಲ.

ಮದ್ದೂರು ತಾಲ್ಲೂಕಿನ ಶಾಲಾ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅವರು. ನಮ್ಮೂರಿನವರ ಬಾಯಲ್ಲಿ ‘ಇಂಜಿನೀರಮ್ಮ’, ನನಗೆ ಬರೀ ಮೇಡಂ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಕೆಳಗೆ ಒಂದು ಕಾಲದಲ್ಲಿ ಬೆಳ್ಳಗಿದ್ದ ಕ್ಯಾನ್ವಾಸ್ ಶೂ. ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಪೈಪಿನ ಸುರುಳಿ ಕೂತಿರುತ್ತಿದ್ದುದರಿಂದ ಅವರ ಕಾಲುಗಳು ಎರಡೂ ಕಡೆ ಚಾಚಿಕೊಂಡೇ ಬರುತ್ತಿದ್ದವು. ಊರ ಬಾಗಿಲಲ್ಲಿ ಆ ಕಾಲುಗಳು ಕಂಡರೆ ಸಾಕು, ಮೇಸ್ತ್ರಿ ಬೀಡಿ ಆರಿಸುತ್ತಿದ್ದ.

ಅವರು ಮಳವಳ್ಳಿ ಕಡೆಯ ಬೆಳಕವಾಡಿಯವರು. ಶಿವನಸಮುದ್ರಕ್ಕೆ ನೀರು ನೋಡಲು ಹೋಗುವ ಬಸ್ಸುಗಳನ್ನು ಎಣಿಸುತ್ತಾ ಬೆಳೆದವರು. ನಮ್ಮ ಶಾಲೆಗೆ ಮೊದಲ ಸಲ ಬಂದ ದಿನವೇ ಹೇಳಿದರು: “ನಮ್ಮೂರ ದಾರೀಲಿ ಜನ ನೀರು ನೋಡೋಕೆ ಹೋಗ್ತಾರೆ ಟೀಚರ್. ನಿಮ್ಮೂರಲ್ಲಿ ನೀರೇ ಜನರನ್ನ ನೋಡೋಕೆ ಬರುತ್ತೆ.”

ನಾನು ಹೊಳಲಿನವಳು. ನಾಲೆ ನೀರು ಕಂಡವಳು. ತೂಬು ಎತ್ತಿದರೆ ಬರುವ, ಇಳಿಸಿದರೆ ನಿಲ್ಲುವ ನೀರು ಅದು. ಹೊಳೆಯೆಂದರೇನೆಂದು ನನಗೆ ಗೊತ್ತಾದದ್ದು ಶಿಂಷಾ ದಡದ ಈ ಊರಿಗೆ ವರ್ಗವಾಗಿ ಬಂದ ಮೇಲೆ. ನಾನು ಬರುವುದಕ್ಕೂ ಹಿಂದಿನ ಮಳೆಗಾಲದಲ್ಲಿ ಹೊಳೆ ಊರೊಳಗೆ ನುಗ್ಗಿ ಹಳೆಯ ಶಾಲೆಯ ಗೋಡೆಗಳನ್ನು ಕೂರಿಸಿಬಿಟ್ಟಿತ್ತು. ಮಕ್ಕಳು ದೇವಸ್ಥಾನದ ಜಗುಲಿಯಲ್ಲಿ ಕೂತು ಓದುತ್ತಿದ್ದವು. ಪೂಜೆಗೆ ಗಂಟೆ ಬಾರಿಸಿದರೆ ಮಗ್ಗಿ ನಿಲ್ಲುತ್ತಿತ್ತು, ಪ್ರಸಾದ ಬಂದರೆ ಪಾಠವೇ ಮುಗಿಯುತ್ತಿತ್ತು. ಕೊನೆಗೂ ಎರಡು ಹೊಸ ಕೋಣೆ ಮಂಜೂರಾದಾಗ ಊರಿಗೆ ಊರೇ ಕುಣಿಯಿತು. ಮೇಲಿನ ಜಾಗವೆಲ್ಲ ಮನೆಗಳಿಂದ ತುಂಬಿತ್ತು, ಹಾಗಾಗಿ ಊರಂಚಿನ ಒಂದು ಹಳೆಯ ಕಬ್ಬಿನ ಗದ್ದೆಯನ್ನು ಶಾಲೆಗೆ ಕೊಟ್ಟರು. ಸಂಭ್ರಮ ಎಷ್ಟಿತ್ತೆಂದರೆ ಕಟ್ಟಡಕ್ಕೆ ಮೊದಲೇ ಧ್ವಜದ ಕಂಬ ನೆಟ್ಟು ಬಣ್ಣ ಬಳಿದೆವು.

ಮೇಡಂ ಬಂದಾಗ ಮೇಸ್ತ್ರಿ ಕಲ್ಲಿನ ತಳಪಾಯ ಎಬ್ಬಿಸುತ್ತಿದ್ದ.

“ಎಷ್ಟೆತ್ತರ?” ಎಂದರು.

“ಮೂರಡಿ ಕಣಮ್ಮ. ಪಿಲಾನ್‌ನಾಗೆ ಅಂಗೇ ಅದೆ.”

“ಎಲ್ಲಿಂದ ಮೂರಡಿ?”

“ನೆಲ್ದಿಂದ.”

“ಯಾವ ನೆಲದಿಂದ?”

ಮೇಸ್ತ್ರಿ ನನ್ನ ಮುಖ ನೋಡಿದ. ನೆಲ ಅಂದರೆ ನೆಲ, ಅದರಲ್ಲಿ ಯಾವುದು ಏನು ಬಂತು? ನನಗೂ ತಿಳಿಯಲಿಲ್ಲ. ಆ ನಕ್ಷೆ ಎಲ್ಲ ಊರಿಗೂ ಒಂದೇ ಅಚ್ಚಿನದು, ಗುಡ್ಡದ ಮೇಲಿನ ಊರಿಗೂ ಅದೇ, ಹೊಳೆ ದಡದ ಊರಿಗೂ ಅದೇ. ಮೇಡಂ ಕೆಲಸ ನಿಲ್ಲಿಸಿ ಎಂದರು.

ಸುದ್ದಿ ಹಬ್ಬಿದ್ದೇ ಶಾಲಾ ಸಮಿತಿಯ ಅಧ್ಯಕ್ಷರು ಗದ್ದೆಯಿಂದ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. “ಅಲ್ಲ ಕಣಮ್ಮ, ಮಕ್ಳು ಜಗುಲಿ ಮ್ಯಾಲೆ ಬಿದ್ದವೆ, ನೀನು ಬಂದು ಕೆಲ್ಸ ನಿಲ್ಸು ಅಂತೀಯಲ್ಲ! ಮಾರ್ಚಿ ಮುಗುದ್ರೆ ಕೋಣೆ ದುಡ್ಡು ವಾಪಸ್ ಓಯ್ತದೆ, ಆಮೇಲೆ ನೀನು ಕಟ್ಟುಸ್ಕೊಟ್ಟೀಯಾ?” ಎಂದು ಕೂಗಾಡಿದರು. ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮೇಡಂ ಮಾತ್ರ ಡಿಕ್ಕಿಯಿಂದ ಹುರಿದ ಕಡಲೆಕಾಯಿ ತೆಗೆದು ಅಧ್ಯಕ್ಷರ ಕೈಗೆ ಒಂದು ಹಿಡಿ ಹಾಕಿದರು.

“ಗೌಡ್ರೇ, ನಿಯಮ ಪುಸ್ತಕದಲ್ಲಿದೆ. ಇಲ್ಲಿವರೆಗೆ ಕಂಡ ಅತಿ ಎತ್ತರದ ನೀರಿಗಿಂತ ಕಟ್ಟಡದ ನೆಲ ಮೇಲಿರಬೇಕು ಅಂತ. ಕಂಡವರು ಯಾರು ಅಂತ ಪುಸ್ತಕದಲ್ಲಿಲ್ಲ. ನೀವೇ ಹೇಳಬೇಕು. ನೀರು ಎಲ್ಲಿಗಂಟ ಬಂದಿತ್ತು?”

ಇಲ್ಲೇ ನಮ್ಮೂರಿನವರು ಎಡವಿದರು. ಸರ್ಕಾರದವರು ಬಂದು ನೀರು ಎಲ್ಲಿಗೆ ಬಂದಿತ್ತೆಂದು ಕೇಳಿದರೆ ಅದು ಪರಿಹಾರಕ್ಕೇ ಎಂದು ಅವರ ಲೆಕ್ಕ. ಕ್ಷಣಮಾತ್ರದಲ್ಲಿ ಹೊಳೆ ಬೆಳೆಯತೊಡಗಿತು. ಒಬ್ಬ ಎದೆ ತೋರಿಸಿದ, ಪಕ್ಕದವನು ಕುತ್ತಿಗೆ ತೋರಿಸಿದ. ಮೂರನೆಯವನು, ಮೇಡಂ ಕೈ ಹಿಡಿದು ಎಳೆಯುವುದೊಂದೇ ಬಾಕಿ, ಮನೆಯೊಳಗೆ ಕರೆದೊಯ್ದು ಜಂತೆ ತೋರಿಸಿದ. “ಅಗೋ, ಅಲ್ಲಿಗಂಟ!”

ಮೇಡಂ ಗೋಡೆ ನೋಡಿದರು. ಜಂತೆಯ ಕೆಳಗೆ ಗಂಡ ಹೆಂಡತಿಯ ಫೋಟೋ ನೇತಾಡುತ್ತಿತ್ತು. “ಈ ಫೋಟೋ ಯಾವಾಗಿಂದ ಇಲ್ಲಿದೆ?”

“ನಮ್ಮ ಮದ್ವೆ ಆದಾಗ್ಲಿಂದ್ಲೂ ಕಣಮ್ಮ.”

“ನೀರು ಜಂತೆ ಮುಟ್ಟಿದ್ರೆ ಮದುಮಗಳು ನೆನೀಬೇಕಿತ್ತಲ್ಲಪ್ಪ? ಮುಖದ ಮೇಲಿನ ಪೌಡರ್ ಕೂಡ ಹಾಗೇ ಇದೆ!”

ಬಾಗಿಲಲ್ಲಿ ನಿಂತಿದ್ದ ಆ ಮದುಮಗಳೇ ಮೊದಲು ನಕ್ಕಿದ್ದು. ಆಮೇಲೆ ಬೀದಿಯೆಲ್ಲ ನಕ್ಕಿತು. ಆದರೆ ನಿಜವಾದ ಗುರುತು ಸಿಗಲಿಲ್ಲ. ಗೋಡೆಗಳಿಗೆ ಆಗಲೇ ಸುಣ್ಣ ಹೊಡೆದಿದ್ದರು. ಮಧ್ಯಾಹ್ನವಾಗುತ್ತಾ ಬಂತು, ಪ್ರತಿ ಮನೆಯಲ್ಲೂ ಒಂದೊಂದು ಹೊಳೆ.

ಕೊನೆಗೆ ಬೀದಿಯ ತುದಿಯ ಮನೆಗೆ ಬಂದೆವು. ಆ ಮನೆಯ ಅಜ್ಜಿಯನ್ನು ಊರೆಲ್ಲ ದೀಪದಜ್ಜಿ ಅನ್ನುತ್ತಿದ್ದರು. ಜಗುಲಿಯ ಗೋಡೆಯಲ್ಲಿ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ದೀಪದ ಗೂಡು. ಆ ಗೂಡಿನ ದೀಪ ಆರಿದ್ದೇ ಇಲ್ಲ ಎಂಬುದು ಆ ಮನೆಯ ಹೆಮ್ಮೆ. ಮೇಡಂ ಶೂ ಬಿಚ್ಚಿ ಗೂಡಿಗೆ ಕೈ ಮುಗಿದರು. ಅಜ್ಜಿ ತಾನಾಗಿಯೇ ಶುರುಮಾಡಿತು.

“ಗಂಗಮ್ಮ ಗೂಡಿನ ಬಾಯಿ ಗಂಟ ಬಂದ್ಲು ಕಣವ್ವ. ದೀಪ ನೋಡುದ್ಲು. ಒಂದು ಬೆರ್ಳು ಮ್ಯಾಕ್ಕೆ ಬರ್ನಿಲ್ಲ. ಅಂಗೇ ಇಳ್ದೋದ್ಲು.”

ಮೇಡಂ ನನ್ನ ಕೈ ಎಷ್ಟು ಜೋರಾಗಿ ಹಿಚುಕಿದರೆಂದರೆ ಬಳೆ ಚುಚ್ಚಿತು. “ಸಿಕ್ತು ಟೀಚರ್! ಇದು ಸುಳ್ಳಾಗೋಕೆ ಸಾಧ್ಯವೇ ಇಲ್ಲ. ಇದಕ್ಕಿಂತ ಮೇಲೆ ಅಂದ್ರೆ ದೀಪ ಆರಿತ್ತು ಅಂತ ಒಪ್ಪಿಕೊಂಡಂಗೆ. ಕೆಳಗೆ ಅಂದ್ರೆ ಗಂಗಮ್ಮ ದೀಪ ನೋಡ್ಲಿಲ್ಲ ಅಂತ ಆಗುತ್ತೆ!”

ಮೇಡಂ ಪೈಪಿಗೆ ನೀರು ತುಂಬಿಸಿ ಒಂದು ತುದಿಯನ್ನು ಗೂಡಿನ ಬಾಯಿಗೆ ಹಿಡಿದರು, ಇನ್ನೊಂದು ತುದಿ ಬೇವಿನ ಮರದ ಹತ್ತಿರ ನನ್ನ ಕೈಯಲ್ಲಿ. “ಬೆರಳು ತೆಗೀರಿ!” ಪೈಪಿನೊಳಗಿನ ನೀರು ತೂಗಾಡಿ ನಿಂತಿತು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟ, ಅದರ ಗುಣವೇ ಅದು. ಮರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೂಡಿನ ಬಳಿ ಮೊಣಕಾಲಿನಷ್ಟಿದ್ದ ನೀರು ಮರದ ಬಳಿ ಸೊಂಟಕ್ಕೆ ಬಂದಿತ್ತು! ಕಣ್ಣಿಗೆ ಸಮತಟ್ಟಾಗಿ ಕಾಣುತ್ತಿದ್ದ ಬೀದಿ ಅಷ್ಟೊಂದು ಇಳಿಜಾರೆಂದು ಯಾರಿಗೆ ಗೊತ್ತಿತ್ತು? ಮರದ ಗೆರೆಯಿಂದ ಹಾಲಿನ ಡೈರಿ ಗೋಡೆಗೆ ಪೈಪು ಎಳೆದೆವು. ಹಿಂದೆ ಮಕ್ಕಳ ಹಿಂಡು, ಅದರ ಹಿಂದೆ ಊರು. ಡೈರಿ ಗೋಡೆಯಲ್ಲಿ ಗೆರೆ ಇನ್ನೂ ಮೇಲೆ ಹೋಯಿತು. ಅಲ್ಲಿಂದ ಶಾಲೆಯ ಜಾಗಕ್ಕೆ, ನಾವು ಆತುರಪಟ್ಟು ನೆಟ್ಟಿದ್ದ ಧ್ವಜದ ಕಂಬಕ್ಕೆ. ಹೆಬ್ಬೆರಳು ತೆಗೆದೆ. ನೀರು ಏರಿತು, ಏರಿತು, ನಿಂತಿತು. ಅಧ್ಯಕ್ಷರು ಕಂಬದ ಪಕ್ಕ ಬಂದು ನಿಂತರು. ಗೆರೆ ಅವರ ಎದೆಯ ಮಟ್ಟಕ್ಕಿತ್ತು. ಮೇಸ್ತ್ರಿಯ ಮೂರಡಿ ಅದರ ಕೆಳಗೆಲ್ಲೋ ಬಿದ್ದಿತ್ತು.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಕಂಬಕ್ಕೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಕೈ ಎತ್ತಿ ತಡವಿದಳು. “ಮಿಸ್, ನಾನು ಮುಳ್ಗೋಯ್ತೀನಿ!” ಎಂದು ಕಿಲಕಿಲ ನಕ್ಕಳು.

ಅಧ್ಯಕ್ಷರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಅಲ್ಲಿ ಕಬ್ಬು ಇತ್ತು. ಕಬ್ಬು ಮುಳುಗ್ತು ಅಂತ ಮಾತ್ರ ಗೊತ್ತಿತ್ತು ಕಣಮ್ಮ. ಎಷ್ಟು ಅಂತ ಯಾವನು ಅಳೆದವ್ನೆ?” ಎಂದರು. ಆಮೇಲೆ ಮೇಸ್ತ್ರಿ ಕಡೆ ತಿರುಗಿ, “ಕಿತ್ತಾಕ್ಲಾ ಅದ,” ಎಂದರು.

ಮೇಡಂ ಮಂಡ್ಯದ ಕಚೇರಿಗೆ ತಿರುಗಿ ತಿರುಗಿ ನಕ್ಷೆ ಬದಲಾಯಿಸಿಕೊಂಡು ಬಂದರು. ಕಾಂಕ್ರೀಟಿನ ಕಂಬಗಳ ಮೇಲೆ ಎರಡು ಕೋಣೆ, ಕೆಳಗೆ ಬಯಲು, ಪಕ್ಕದಲ್ಲಿ ಅಗಲವಾದ ಇಳಿಜಾರು ದಾರಿ. ಕೋಣೆಯ ನೆಲ ಧ್ವಜದ ಕಂಬದ ಗೆರೆಗಿಂತ ಎರಡಡಿ ಮೇಲೆ. ಆ ಎರಡಡಿಗೆ ಮತ್ತೆ ಜಗಳ. “ಗಂಗಮ್ಮ ಅಷ್ಟಕ್ಕೇ ನಿಂತ್ಲಲ್ಲ, ಇನ್ನೂ ಎರಡಡಿ ಯಾತಕ್ಕೆ?” ಎಂದು ಊರವರು ಕೇಳಿದರೆ, “ಮುಂದಿನ ಸಲಾನೂ ಇಷ್ಟೇ ಬರ್ತೀನಿ ಅಂತ ನಿಮ್ಮ ಹತ್ರ ಹೇಳಿ ಹೋಗಿದ್ದಾಳಾ?” ಎಂದು ಇವರು. ಮಾರ್ಚ್ ಮುಗಿಯುವ ಮೊದಲೇ ಕಂಬಗಳು ಎದ್ದವು. ಹೊಲ ಕಾಯುವ ಅಟ್ಟಣೆಯ ಹಾಗಿದೆ ಎಂದು ಊರವರು ‘ಅಟ್ಟಣೆ ಇಸ್ಕೂಲು’ ಎಂದು ಹೆಸರಿಟ್ಟರು. ಅಧ್ಯಕ್ಷರು ಕೆಳಗಿನ ಬಯಲಿಗೆ ಗೋಡೆ ಕಟ್ಟಿ ಗೊಬ್ಬರದ ಮೂಟೆ ಇಡುವ ಆಸೆ ತೋರಿಸಿದಾಗ ಮೇಡಂ ಬೆಳಕವಾಡಿಯ ಬಾಯಿ ತೆಗೆದರು: “ಕಾಲು ಕಟ್ಟಾಕುದ್ರೆ ದನಾನೇ ಒದೀತದೆ ಗೌಡ್ರೇ, ಅಡ್ಡ ಗೋಡೆ ಕಟ್ಟುದ್ರೆ ಹೊಳೆ ಬುಟ್ಟಾದಾ? ನೀರಿಗೆ ದಾರಿ ಬುಡಿ.”

ಕೋಣೆಯೊಳಗೆ ಸ್ವಿಚ್ಚುಗಳನ್ನೂ ಎತ್ತರಕ್ಕೆ ಹಾಕಿಸಿದರು. ನಾನು ಕುಳ್ಳಿ, ಫ್ಯಾನು ಹಾಕಲು ಸ್ಟೂಲು ಹತ್ತಬೇಕು. ಗೊಣಗಿದೆ. “ಕರೆಂಟಿಗೆ ಈಜು ಬರುತ್ತೆ ಟೀಚರ್, ನಿಮಗೆ ಬರಲ್ಲ,” ಎಂದರು. ಇಂದಿಗೂ ಸ್ಟೂಲು ಹತ್ತಿದಾಗಲೆಲ್ಲ ಅವರನ್ನು ಒಂದು ಸಲ ಬೈದು, ಒಂದು ಸಲ ನೆನೆಯುತ್ತೇನೆ.

ಕೆಲವು ವರ್ಷಗಳ ಮೇಲೆ ಅವರು ನಿವೃತ್ತರಾಗಿ ಬೆಳಕವಾಡಿಗೆ ಹೋದರು. ಕಾಯಿಲೆ ಎಂದು ಸುದ್ದಿ ಬಂತು, ನೋಡಲು ಹೋಗಬೇಕು ಅಂದುಕೊಳ್ಳುತ್ತಿರುವಾಗಲೇ ಆ ಮಳೆ ಹಿಡಿಯಿತು. ಮೇಲಿನ ಕೆರೆಗಳು ಕೋಡಿ ಬಿದ್ದವು. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಿಂಷಾ ದಡ ಮೀರಿ ಗದ್ದೆಗಳಿಗೆ ಕಾಲಿಟ್ಟಿತ್ತು. ಡಂಗುರವಿಲ್ಲ, ಮೈಕಿಲ್ಲ, ಊರೆಲ್ಲ ತಾನಾಗಿಯೇ ಅಟ್ಟಣೆ ಇಸ್ಕೂಲಿನ ಕಡೆ ಹರಿದು ಬಂತು. ಬಾಣಂತಿ ಬಂದಳು, ಕೋಲು ಹಿಡಿದ ಮುದುಕರು ಇಳಿಜಾರು ದಾರಿ ಹತ್ತಿ ಬಂದರು, ಕರುಗಳೂ ಬಂದವು. ಎಲ್ಲರಿಗಿಂತ ಕೊನೆಗೆ ದೀಪದಜ್ಜಿ, ಸೆರಗಿನ ಮರೆಯಲ್ಲಿ ಉರಿಯುವ ದೀಪ ಹಿಡಿದುಕೊಂಡು.

“ಈ ಸಲ ಗಂಗಮ್ಮ ನಿಲ್ಲಾಕಿಲ್ಲ ಅಂದ್ಲು ಕಣೇ ಟೀಚ್ರಮ್ಮ. ಗೂಡು ಮುಳುಗೋಯ್ತದೆ. ನಾನು ದೀಪ ಎತ್ಕಂಡು ಬಂದ್ಬುಟ್ಟೆ,” ಎಂದು ಅದನ್ನು ನನ್ನ ಮೇಜಿನ ಮೇಲಿಟ್ಟಿತು.

ನಾನು ಕಿಟಕಿಯಿಂದ ಧ್ವಜದ ಕಂಬವನ್ನೇ ನೋಡುತ್ತಿದ್ದೆ. ಸೀಮೆಸುಣ್ಣದ ಗೆರೆಗೆ ಆಮೇಲೆ ಕೆಂಪು ಬಣ್ಣ ಹಚ್ಚಿದ್ದೆವು. ನೀರು ಆ ಕೆಂಪನ್ನು ಮುಟ್ಟಿತು. ನುಂಗಿತು. ಕೆಳಗೆ ಕಂಬಗಳ ನಡುವೆ ಹೊಳೆ ಸುಯ್ಯೆಂದು ಹಾದು ಹೋಗುತ್ತಿತ್ತು, ಕಾಲಡಿಯ ನೆಲ ಅದುರುತ್ತಲೂ ಇರಲಿಲ್ಲ. ಅಧ್ಯಕ್ಷರು ಕಣ್ಣು ಮುಚ್ಚಿ ಬಾಯಲ್ಲಿ ಏನೋ ಜಪಿಸುತ್ತಿದ್ದರು. ಬಹಳ ಹೊತ್ತು ಕಾದೆವು. ಗೆರೆಗಿಂತ ಸ್ವಲ್ಪ ಮೇಲೆ ನೀರು ನಿಂತಿತು. ಇನ್ನು ಏರಲಿಲ್ಲ!

ಮೇಡಂಗೆ ಫೋನು ಮಾಡಿದೆ. ಮಗಳು ತೆಗೆದು ಅಮ್ಮನ ಕಿವಿಗೆ ಹಿಡಿದಳು.

“ಮೇಡಂ, ನೀರು ಬಂತು! ಗೂಡು ದಾಟಿತು, ಕೆಂಪು ಗೆರೇನೂ ದಾಟಿತು! ನಿಂತಿದೆ ಮೇಡಂ, ಒಂದಡಿ ಕೆಳಗೆ ನಿಂತಿದೆ!”

ಆ ಕಡೆಯಿಂದ, ತೀರಾ ಸಣ್ಣ ದನಿಯಲ್ಲಿ:

“ಎಲ್ಲಿಂದ?”

“ನಮ್ಮ ಕಾಲಿಂದ ಮೇಡಂ! ಊರೆಲ್ಲ ನಿಂತಿರೋ ನೆಲದಿಂದ!”

ನಕ್ಕರು. ಕೆಮ್ಮಿದರು. “ಗುರುತು ಹಾಕಿ ಟೀಚರ್. ನೀರು ಇಳಿದ ಮೇಲೆ ಎಲ್ಲರೂ ಸುಳ್ಳು ಹೇಳ್ತಾರೆ.”

ಇಳಿಜಾರು ದಾರಿಯಲ್ಲಿ ನೀರಿನ ಅಂಚಿನವರೆಗೆ ಇಳಿದು, ಅಜ್ಜಿಯ ದೀಪಕ್ಕೆ ಹಚ್ಚಿದ್ದ ಕುಂಕುಮದಿಂದಲೇ ದಾರಿಯ ಪಕ್ಕದ ಗೋಡೆಗೆ ಗೆರೆ ಎಳೆದೆ; ನೀರು ಇಳಿದ ಮೇಲೆ ಅದಕ್ಕೂ ಕೆಂಪು ಬಣ್ಣ ಹಚ್ಚಿದೆವು. ಆ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ನಮ್ಮೂರಿನಿಂದ ಎರಡು ಟೆಂಪೋ ತುಂಬ ಜನ ಬೆಳಕವಾಡಿಗೆ ಹೋದೆವು. ನನಗೆ ಅಳು ತಡೆಯಲಾಗಲಿಲ್ಲ. ಅಧ್ಯಕ್ಷರೂ ಟವೆಲು ಬಾಯಿಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತರು.

ಮೊನ್ನೆ ದೀಪದಜ್ಜಿಯ ಹೊಸ ಮನೆಗೆ ಗುದ್ದಲಿ ಪೂಜೆಯಾಯಿತು. ಅದೇ ಮೇಸ್ತ್ರಿ, ತಲೆಗೆ ಟವೆಲು ಸುತ್ತಿಕೊಂಡು, ಬೇಸ್ಮೆಂಟು ನಾಲ್ಕಡಿ ಎತ್ತುತೀನಿ ಎಂದು ಹುಮ್ಮಸ್ಸಿನಿಂದ ಹೇಳಿದ. ಅಜ್ಜಿ ಕುಂಕುಮದ ಬಟ್ಟಲು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿತು.

“ಎಲ್ಲಿಂದ್ಲಾ?” ಎಂದಿತು.

ನಾನು ನೀರು ತುಂಬಿದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು, ಶಾಲೆಯ ಇಳಿಜಾರು ದಾರಿಯ ಗೋಡೆಯಲ್ಲಿದ್ದ ಕೆಂಪು ಗೆರೆಯ ಕಡೆಗೆ ನಡೆದೆ.