ಅಂಜೆನಿಕಳ ಗೇಣಿನ ದೋಣಿ

ಚಿಕ್ಕಜ್ಜಿ ಅಂಜೆನಿಕ್ ತಾನೇ ಒಂದು ತೊಗಟೆ ದೋಣಿ ಕಟ್ಟುತ್ತೇನೆ ಎಂದು ಹೇಳಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ಅದನ್ನು ಕೇಳಿ ಅವಳ ಮೈದುನ ಪಾಜಿಲ್ ಚಹಾ ನೆತ್ತಿಗೇರಿಸಿಕೊಂಡು ಎಂಥ ಕೆಮ್ಮು ಕೆಮ್ಮಿದ ಎಂದರೆ, ಒಲೆಯ ಪಕ್ಕ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು.

"ಅತ್ತಿಗೆ, ನೀವು ದೋಣಿ ಹೊಲೀತೀರಿ, ಗೊತ್ತು. ಅಂಟು ಹಚ್ತೀರಿ, ಅದೂ ಗೊತ್ತು. ಕಟ್ಟೋದು ಬೇರೆ."

"ನಲವತ್ತು ವರ್ಷ ನಿಮ್ಮಣ್ಣನ ಪಕ್ಕದಲ್ಲೇ ಕೂತು ನೋಡಿದೀನಲ್ಲ."

"ನಾನೂ ನಲವತ್ತು ವರ್ಷ ಪಾದ್ರಿ ಪೂಜೆ ಮಾಡೋದನ್ನ ನೋಡಿದೀನಿ."

"ಎಲ್ಲಿ ನೋಡಿದ್ಯೋ. ನೀನು ನಿದ್ದೆ ಮಾಡ್ತಿದ್ದೆ. ನಿನ್ ಗೊರಕೆ ಹಿಂದಿನ ಬೆಂಚಿಗೂ ಕೇಳ್ತಿತ್ತು."

ನಮ್ಮ ಅಲ್ಗಾಂಕ್ವಿನ್ ಬುಡಕಟ್ಟಿನ ಜನರಲ್ಲಿ ಅತ್ತಿಗೆ ಮೈದುನರು ಹೀಗೆ ಕಾಲೆಳೆದುಕೊಳ್ಳಲೇಬೇಕು. ಒಂದು ದಿನ ಸುಮ್ಮನಿದ್ದರೆ ಪಕ್ಕದ ಮನೆಯವರು ಬಂದು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ. ಆದರೆ ಪಾಜಿಲ್ ಹೇಳಿದ್ದರಲ್ಲಿ ತಮಾಷೆ ಅರ್ಧವೇ ಇತ್ತು. ನಮ್ಮಲ್ಲಿ ಮರ ಸೀಳುವುದು, ಅಳೆಯುವುದು, ಬಗ್ಗಿಸುವುದು ಗಂಡಸರ ಕೆಲಸ. ಬೇರಿನ ನಾರಿನಿಂದ ಹೊಲಿಯುವುದು, ಅಂಟು ಕಾಯಿಸಿ ಹಚ್ಚುವುದು ಹೆಂಗಸರ ಕೆಲಸ. ಚಿಕ್ಕಜ್ಜಿಯ ಗಂಡ ಮತಿಯಾಸ್ ತೀರಿಹೋಗಿ ಎರಡು ವರ್ಷವಾಗಿತ್ತು. ಅವನು ಕಟ್ಟಿದ ಕೊನೆಯ ದೋಣಿಯ ಮೇಲೆ ಹಿಮದ ಭಾರಕ್ಕೆ ಕೊಟ್ಟಿಗೆಯ ಮಾಡು ಕುಸಿದು, ಅದರ ಬೆನ್ನು ಮುರಿದಿತ್ತು.

ದೋಣಿ ಯಾಕೆ ಬೇಕು ಎಂದು ಅವಳನ್ನು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಸರೋವರದ ಆಚೆ ದಡದಿಂದ ಕಾಡಿನೊಳಗೆ ಒಂದು ಹೊರೆದಾರಿ ಹೋಗುತ್ತದೆ. ದೋಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಒಂದು ಮೈಲಿ ನಡೆದರೆ ಇನ್ನೊಂದು ಪುಟ್ಟ ಕೆರೆ. ಅಲ್ಲಿ ಅವರಿಬ್ಬರ ಗುಡಿಸಲಿದೆ, ಬಲೆ ಹಾಕುವ ಜಾಗವಿದೆ, ಬ್ಲೂಬೆರಿಯ ಗುಡ್ಡವಿದೆ. ಮದುವೆಯಾದ ವರ್ಷದಿಂದ ಮತಿಯಾಸ್ ತೀರಿಹೋಗುವವರೆಗೆ ಅವಳು ಅಲ್ಲಿಗೆ ಹೋಗದ ಬೇಸಿಗೆಯೇ ಇರಲಿಲ್ಲ. ಈಗ ಹೋಗಬೇಕೆಂದರೆ ಪಾಜಿಲನ ಅಲ್ಯೂಮಿನಿಯಂ ದೋಣಿ ಬೇಕು, ಅದನ್ನು ಹೊರಲು ಪಾಜಿಲ್ ಬೇಕು, ಹೊರುವುದಕ್ಕೆ ಪಾಜಿಲನ ಮಂಡಿ ಒಪ್ಪಬೇಕು. ಎರಡು ಬೇಸಿಗೆಯಲ್ಲಿ ಆ ಮಂಡಿ ಒಪ್ಪಿದ್ದು ಒಂದೇ ಸಲ. ಅರವತ್ತೆಂಟರ ಚಿಕ್ಕಜ್ಜಿ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ದಿನಾ ಸಂಜೆ ಆಚೆ ದಡವನ್ನು ಒಂದಿಷ್ಟು ಹೊತ್ತು ನೋಡಿ, ಒಳಗೆ ಬಂದು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು, ಅಷ್ಟೇ.

ನನ್ನ ಕಾಲೇಜಿಗೆ ಸೆಪ್ಟೆಂಬರ್‌ವರೆಗೆ ರಜೆ. ಎರಡು ದಿನ ಸಹಾಯ ಮಾಡೋಣ ಎಂದು ಹೋದವಳು ಇಡೀ ಬೇಸಿಗೆ ಅಲ್ಲೇ ಉಳಿದೆ.

ಮೊದಲು ಮರ ಸಿಗಬೇಕು. ಭೂರ್ಜ ಮರಗಳೇನೋ ಕಾಡಿನ ತುಂಬ ಇವೆ, ಆದರೆ ಚಿಕ್ಕಜ್ಜಿ ಒಂದೊಂದನ್ನೂ ಸೊಸೆ ನೋಡಲು ಬಂದ ಅತ್ತೆಯ ಹಾಗೆ ನೋಡುತ್ತಿದ್ದಳು. ಇದಕ್ಕೆ ಗಂಟು, ಅದಕ್ಕೆ ಗೆರೆ, ಇನ್ನೊಂದು ನೆಟ್ಟಗಿದೆ ಆದರೆ ತೊಗಟೆಯ ಚೂರನ್ನು ಬಗ್ಗಿಸಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಸೊಳ್ಳೆಗಳು ನನ್ನ ಕಿವಿಯನ್ನು ಅರ್ಧ ತಿಂದು ಮುಗಿಸಿದ ಮೇಲೆ, ಹನ್ನೆರಡನೆಯ ಮರದ ಬುಡದಲ್ಲಿ ಅವಳು ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟು, ಮರದ ಹತ್ತಿರ ಮೆಲ್ಲಗೆ ಏನೋ ಮಾತಾಡಿ, ಆಮೇಲೆ ಮೇಲಿಂದ ಕೆಳಗೆ ಚಾಕುವಿನಿಂದ ಒಂದೇ ಗೆರೆ ಎಳೆದಳು. ಜೂನ್ ಕೊನೆಯ ತೊಗಟೆ, ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಲಿದು ಬಂತು. ನಾನು ಕುಣಿದಾಡಿಬಿಟ್ಟೆ. ಅವಳು ಅದನ್ನು ಸುರುಳಿ ಸುತ್ತಿ ನನ್ನ ಬೆನ್ನಿಗೆ ಕಟ್ಟಿದಳು.

"ಈಗ ಕುಣಿ ನೋಡೋಣ," ಎಂದಳು.

ಮನೆ ಮುಂದೆ ಮಣ್ಣು ಸಮ ಮಾಡಿ, ಬಿಳಿ ಬದಿ ಮೇಲೆ ಬರುವ ಹಾಗೆ ತೊಗಟೆ ಹಾಸಿದೆವು, ಏಕೆಂದರೆ ಬಿಳಿ ಬದಿ ದೋಣಿಯ ಒಳಗೆ ಹೋಗುತ್ತದೆ, ನೀರಿಗೆ ತಾಗುವುದು ಕಂದು ಬದಿ. ಮೇಲೆ ಕಲ್ಲು ಹೇರಿದೆವು, ಅಂಚುಗಳನ್ನು ಎತ್ತಿ ಸುತ್ತಲೂ ಗೂಟ ಹೊಡೆದೆವು. ಅಳತೆಗಳೆಲ್ಲ ಚಿಕ್ಕಜ್ಜಿಗೆ ಬಾಯಿಪಾಠ. ನಲವತ್ತು ವರ್ಷ ಮತಿಯಾಸಜ್ಜ ಕೈಯಿಂದ ಅಳೆಯುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದುದನ್ನು ಅವಳು ಹೊಲಿಯುತ್ತಾ ಕೇಳಿದ್ದಳು. ಉದ್ದ ಹದಿನೆಂಟು ಗೇಣು. ನಡುವಿನ ಅಗಲ ಒಂದೂವರೆ ಮೊಳ ಮೂರು ಬೆರಳು. ಆಳ ಒಂದು ಗೇಣು ನಾಲ್ಕು ಬೆರಳು. ಅವಳು ಗೇಣು ಹಾಕುತ್ತಾ ದೋಣಿಯ ಉದ್ದಕ್ಕೂ ಮಂಡಿಯ ಮೇಲೆ ತೆವಳುವುದನ್ನು ನೋಡಲು ಬಹಳ ಚಂದ. ಸೀಡರ್ ಮರದ ಅಂಚುಪಟ್ಟಿ ಸೀಳಿದಳು, ಎರಡು ಅಂಚುಗಳ ನಡುವೆ ಕೂರುವ ಅಡ್ಡಪಟ್ಟಿ ಕೆತ್ತಿದಳು. ಸ್ಪ್ರೂಸ್ ಮರದ ಬೇರನ್ನು ಪಾಚಿಯೊಳಗಿಂದ ಎಳೆದು ತಂದು, ಒಂದು ತುದಿ ಹಲ್ಲಲ್ಲಿ ಕಚ್ಚಿ ಎರಡಾಗಿ ಸೀಳುವುದನ್ನು ನನಗೂ ಕಲಿಸಿದಳು. ಮೂರು ವಾರದಲ್ಲಿ ತೊಗಟೆಯೆಲ್ಲ ಅಂಚಿಗೆ ಸೇರಿ ಹೊಲಿಗೆಯಾಯಿತು, ಮತ್ತು ಅದು ಎಷ್ಟು ಸುಂದರವಾಗಿತ್ತೆಂದರೆ ನಾನು ದಿನಕ್ಕೆ ನಲವತ್ತು ಫೋಟೋ ತೆಗೆಯುತ್ತಿದ್ದೆ.

ಹಾಳಾದ್ದು, ಕಾಲೇಜಿಗೆ ತೋರಿಸಲು ಬರೆದಿಟ್ಟುಕೊಳ್ಳೋಣ ಎಂದು ನಾನೇ ಒಂದು ದಿನ ಅಳತೆಯ ಟೇಪು ತಂದೆ.

"ಹನ್ನೊಂದು ಅಡಿ," ಎಂದೆ.

"ಹದಿನಾಲ್ಕು," ಎಂದಳು ಚಿಕ್ಕಜ್ಜಿ, ತಲೆ ಎತ್ತದೆ. "ಅವರು ಯಾವಾಗ್ಲೂ ಹದಿನಾಲ್ಕೇ ಕಟ್ತಿದ್ದಿದ್ದು. ಸರಿಯಾಗಿ ಹಿಡಿ ಅದನ್ನ."

ಮತ್ತೆ ಹಿಡಿದೆ. ಹನ್ನೊಂದೇ ಇತ್ತು. ಕಟ್ಟೆಯ ಮೇಲೆ ಪೈಪು ಸೇದುತ್ತಾ ಕೂತಿದ್ದ ಪಾಜಿಲ್ ಎದ್ದು ಬಂದು, ದೋಣಿ ಹುಟ್ಟಿನಷ್ಟು ಅಗಲದ ತನ್ನ ಕೈಯಿಂದ ಅದನ್ನು ಗೇಣು ಹಾಕಿದ. ಹದಿನೆಂಟರ ಬದಲು ಹದಿನಾಲ್ಕೇ ಗೇಣು ಬಂತು. ಅವನು ಚಿಕ್ಕಜ್ಜಿಯ ಕೈ ಹಿಡಿದು ತನ್ನ ಅಂಗೈ ಮೇಲೆ ಇಟ್ಟುಕೊಂಡ. ಅವಳ ಬೆರಳ ತುದಿ ಅವನ ಬೆರಳ ಮೇಲಿನ ಗೆಣ್ಣಿಗೂ ಮುಟ್ಟಲಿಲ್ಲ. ಅಣ್ಣತಮ್ಮಂದಿರಿಬ್ಬರದೂ ಒಂದೇ ಅಚ್ಚಿನ ಕೈ. ಗೇಣಿನ ಲೆಕ್ಕವನ್ನು ಅವಳು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದಳು, ಆ ಗೇಣು ಯಾರ ಕೈಯದು ಎಂಬುದನ್ನು ಬಿಟ್ಟು.

"ಇದನ್ನ ಯಾರಿಗೆ ಕಟ್ತಿದೀರಾ ಅತ್ತಿಗೆ, ನೀರುನಾಯಿಗಾ?"

ಅವಳು ತಿರುಗಿ ಒಂದು ಮಾತೂ ಆಡಲಿಲ್ಲ. ಪಾಜಿಲ್ ಕಾದ. ಅವಳು ಉಳಿದ ಬೇರಿನ ನಾರನ್ನು ಸುತ್ತಿಡತೊಡಗಿದಾಗ ಅವನ ಮುಖ ಸಣ್ಣದಾಯಿತು. ಪೈಪು ಜೇಬಿಗಿಟ್ಟುಕೊಂಡು, "ನಾನು ಹಾಗಂತ ಹೇಳಿದ್ದಲ್ಲ," ಎಂದು ಏನೇನೋ ಗೊಣಗಿ ಮನೆಗೆ ಹೋದ.

ಮತ್ತೆ ಮೊದಲಿಂದ ಶುರು ಮಾಡುವ ಹಾಗಿರಲಿಲ್ಲ. ಜುಲೈ ನಡುಭಾಗ ದಾಟಿತ್ತು. ತೊಗಟೆ ಮರವನ್ನು ಬಿಗಿಯಾಗಿ ಕಚ್ಚಿಕೊಂಡಾಗಿತ್ತು, ಇನ್ನು ಬಿಡುವುದು ಮುಂದಿನ ಜೂನ್‌ಗೆ. ಅಂದರೆ ಮೂರನೆಯ ಬೇಸಿಗೆಯೂ ಆಚೆ ದಡ ನೋಡುವುದರಲ್ಲೇ ಕಳೆಯಬೇಕು.

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಚಿಕ್ಕಜ್ಜಿ ದೋಣಿಯನ್ನು ಎರಡು ಸಲ ಅಡಿಯಿಂದ ಮುಡಿವರೆಗೆ ಅಳೆದು ಮುಗಿಸಿದ್ದಳು. ಟೇಪನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ಒಳಗಿಡು. ಇದು ಜಗಳ ಹಚ್ಚುತ್ತೆ."

"ಮತ್ತೆ ದೋಣಿ?"

"ದೋಣಿಗೇನಾಗಿದೆ? ಎಲ್ಲಾದಕ್ಕೂ ಒಂದೇ ಕೈ ಓಡಾಡಿದೆ. ಉದ್ದಕ್ಕೆ ಅವರ ಕೈ, ಅಗಲಕ್ಕೆ ನನ್ ಕೈ ಅಂತ ಆಗಿದ್ರೆ ಸೊಟ್ಟ ಆಗ್ತಿತ್ತು. ಕೂಸು ಚಿಕ್ಕದು ಅಂದ್ರೆ ಕುಂಟು ಅಂತಲ್ಲ."

"ನಿನ್ನ ಭಾರ ತಡೆಯುತ್ತಾ ಚಿಕ್ಕಜ್ಜಿ?"

"ನನಗೇನು ಗೊತ್ತು. ನೀರನ್ನ ಕೇಳ್ಬೇಕು. ಬಿಸಿನೀರು ತಗೊಂಡ್ ಬಾ, ಪಕ್ಕೆಪಟ್ಟಿ ಬಗ್ಗಿಸ್ಬೇಕು."

ಸೀಡರ್ ಪಟ್ಟಿಗಳ ಮೇಲೆ ಕುದಿಯುವ ನೀರು ಸುರಿದು, ಎರಡೆರಡನ್ನು ಜೋಡಿಸಿ ಮಂಡಿಯ ಮೇಲೆ ಬಿಲ್ಲಿನ ಹಾಗೆ ಬಗ್ಗಿಸಿ, ದೋಣಿಯ ಹೊಟ್ಟೆಯೊಳಗೆ ಒಂದೊಂದಾಗಿ ಬಡಿದು ಕೂರಿಸುವ ಕೆಲಸ ಅದು. ಮೂರು ಮುರಿದವು. ಪ್ರತಿ ಸಲವೂ ಚಿಕ್ಕಜ್ಜಿ ಫ್ರೆಂಚಿನಲ್ಲಿ ಬೈದಳು, ಬೈಯುವುದಕ್ಕೆ ನಮ್ಮ ಮನೆಯಲ್ಲಿ ಆ ಭಾಷೆಯನ್ನೇ ಇಟ್ಟುಕೊಂಡಿದ್ದೇವೆ. ಉಳಿದವು ಕೂತವು, ಮತ್ತು ತೊಗಟೆ ತಮಟೆಯ ಹಾಗೆ ಬಿಗಿಯಾಯಿತು.

ಪಾಜಿಲ್ ನಾಲ್ಕು ದಿನ ಬಂದಿರಲಿಲ್ಲ. ಅಂಟು ಕಾಯಿಸುವ ದಿನ ಹೊಗೆಯ ವಾಸನೆ ಹಿಡಿದು ಬಂದ. ಚಿಕ್ಕಜ್ಜಿ ಸ್ಪ್ರೂಸ್ ಮರದ ಅಂಟಿಗೆ ಕೊಬ್ಬು, ಇದ್ದಿಲ ಪುಡಿ ಸೇರಿಸಿ, ತೊಗಟೆಯ ಚೂರೊಂದನ್ನು ಅದರಲ್ಲಿ ಅದ್ದಿ, ತಣ್ಣೀರಲ್ಲಿ ಮುಳುಗಿಸಿ ಬಗ್ಗಿಸಿದಳು. ಅಂಟು ಬಿರುಕು ಬಿಟ್ಟಿತು. ಇನ್ನೊಂದು ಚಮಚ ಕೊಬ್ಬು. ಈ ಸಲ ಬಿರುಕಿಲ್ಲ, ಬೆರಳಿಗೂ ಅಂಟಲಿಲ್ಲ. ಹೊಲಿಗೆಗಳ ಮೇಲೆಲ್ಲ ಹಚ್ಚಿ ಆರಿದ ಮೇಲೆ, ಎಲ್ಲಾದರೂ ಗಾಳಿ ಒಳಗೆ ಬರುತ್ತದೆಯೋ ನೋಡಲು ಹೊಲಿಗೆಗೆ ಬಾಯಿ ಇಟ್ಟು ಹೀರುತ್ತಾ ಹೋದಳು.

"ಅಯ್ಯೋ, ನಮ್ಮಣ್ಣನಿಗೂ ಇಷ್ಟು ಮುತ್ತು ಕೊಟ್ಟಿರ್ಲಿಲ್ವೇನೋ," ಎಂದ ಪಾಜಿಲ್, ಸ್ವಲ್ಪ ಹೆದರಿಕೊಂಡೇ.

"ಅವರು ಸೋರ್ತಿರ್ಲಿಲ್ಲ," ಎಂದಳು ಚಿಕ್ಕಜ್ಜಿ.

ಪಾಜಿಲ್ ಒಂದು ದೊಡ್ಡ ಉಸಿರು ಬಿಟ್ಟು, ಬಹಳ ದಿನದ ಮೇಲೆ ಮನಸಾರೆ ನಕ್ಕ.

ದೋಣಿಯನ್ನು ನೀರಿಗೆ ಇಳಿಸಿದಾಗ ಅವನೇ ಮೊದಲು ಕೂರುತ್ತೇನೆಂದು ಹಟ ಹಿಡಿದ. ಅತ್ತಿಗೆ ಮುಳುಗಿದರೆ ಅಣ್ಣನಿಗೆ ಏನು ಉತ್ತರ ಕೊಡಲಿ ಎಂದ. ಕೂತ. ದೋಣಿ ಸೋರಲಿಲ್ಲ, ಆದರೆ ಪಾಜಿಲನ ತೂಕಕ್ಕೆ ಅಂಚು ನೀರಿನಿಂದ ಎರಡೇ ಬೆರಳು ಮೇಲೆ ಉಳಿಯಿತು. ಅವನು ಉಸಿರಾಡುವುದನ್ನೂ ನಿಲ್ಲಿಸಿ ಕಲ್ಲಿನ ಹಾಗೆ ಕೂತಿದ್ದ.

"ಅತ್ತಿಗೆ, ನಾನು ಇಳೀಲಾ?"

"ಇಳಿ, ಇಳಿ. ಸೀನಬೇಡ."

ಅವನು ಇಳಿಯುವಾಗ ಸೊಂಟದವರೆಗೆ ನೆನೆದ. ಚಿಕ್ಕಜ್ಜಿ ಲಂಗ ಎತ್ತಿ ಕಟ್ಟಿ, ನಡುವಿನಲ್ಲಿ ಮಂಡಿಯೂರಿ ಕೂತಳು. ದೋಣಿ ಒಂಚೂರು ತಗ್ಗಿತು, ಆಮೇಲೆ ಅಲ್ಲೇ ನಿಂತಿತು, ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಂಚು ನೀರಿನ ಮೇಲೆ. ಅವಳು ಹುಟ್ಟು ಹಾಕಿದಳು. ಸುಮ್ಮನೆ ಒಂದು ಸುತ್ತು ಹೊಡೆದು ಬರುತ್ತಾಳೆ ಎಂದುಕೊಂಡೆವು. ಅವಳು ಸುತ್ತಲಿಲ್ಲ. ನೆಟ್ಟಗೆ ಆಚೆ ದಡಕ್ಕೆ ಹೊರಟಳು.

ಪಾಜಿಲ್ ಮತ್ತು ನಾನು ಅಲ್ಯೂಮಿನಿಯಂ ದೋಣಿಯಲ್ಲಿ ಅವಸರವಾಗಿ ಹಿಂಬಾಲಿಸಿದೆವು. ನಾವು ದಡ ಮುಟ್ಟುವಷ್ಟರಲ್ಲಿ ಅವಳು ದೋಣಿಯನ್ನು ನೀರಿನಿಂದ ಎತ್ತಿ, ತೊಡೆಗೆ ತಾಗಿಸಿ, ಒಂದೇ ಎಳೆತಕ್ಕೆ ತಲೆಯ ಮೇಲೆ ಮಗುಚಿಕೊಂಡಿದ್ದಳು. ಅಡ್ಡಪಟ್ಟಿ ಅವಳ ಹೆಗಲಿಗೆ ಸರಿಯಾಗಿ ಕೂತಿತ್ತು. ಮತಿಯಾಸಜ್ಜನ ದೋಣಿಯನ್ನು ಅವಳು ಎಂದೂ ಎತ್ತಿರಲಿಲ್ಲ, ಎತ್ತಲು ಆಗುತ್ತಲೂ ಇರಲಿಲ್ಲ. ಯಾವಾಗಲೂ ಹಿಂದಿನಿಂದ ಪಾತ್ರೆಪಡಗ ಹೊತ್ತು ನಡೆದವಳು. ಈಗ ಎರಡು ಕಾಲು ಮೊಳೆತ ದೋಣಿಯೊಂದು ಕಾಡಿನೊಳಗೆ ಚುರುಕಾಗಿ ನಡೆದುಹೋಗುತ್ತಿತ್ತು.

"ಅತ್ತಿಗೆ, ವಾಪಸ್ ಯಾವಾಗ?" ಪಾಜಿಲ್ ಕೂಗಿದ.

"ಬಲೆ ನೋಡ್ಕೊಂಡು," ದೋಣಿಯೊಳಗಿಂದ ದನಿ ಬಂತು.

ಪಾಜಿಲ್ ಕಲ್ಲಿನ ಮೇಲೆ ಕೂತು ಬೂಟಿನ ನೀರು ಸುರಿದ. "ನೋಡಿದ್ಯಾ, ಅದು ಎಡಕ್ಕೂ ಎಳೀಲಿಲ್ಲ, ಬಲಕ್ಕೂ ಎಳೀಲಿಲ್ಲ," ಎಂದ ನನಗೆ. "ಅಣ್ಣಂದು ಯಾವಾಗ್ಲೂ ಒಂಚೂರು ಎಡಕ್ಕೆ ಎಳೀತಿತ್ತು. ಅವನಿಗೆ ಯಾರೂ ಹೇಳ್ತಿರ್ಲಿಲ್ಲ."

ಅಂಜೆನಿಕ್ ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಬಂದು, ಹೊಗೆ ಹಾಕಿ ಒಣಗಿಸಿದ ಮೀನು ನಮಗೆ ಕೊಟ್ಟು, ಹಿಟ್ಟು, ಉಪ್ಪು, ಚಹಾಪುಡಿ ಕಟ್ಟಿಕೊಂಡು, ಮಧ್ಯಾಹ್ನದೊಳಗೆ ಮತ್ತೆ ಹೊರಟುಬಿಟ್ಟಳು.