ಮಂಜುಳಾ ಅವರ ಸ್ಕೂಟರ್ ಹೊರಗೆ ಹೋದ ದಿನ

೧೯೯೩ರಲ್ಲಿ, ಎಂಟನೇ ತರಗತಿಯ ಅರ್ಧ ವರ್ಷದ ಪರೀಕ್ಷೆಗೂ ಮುಂಚೆ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ದುಡಿದು ತಿನ್ನುವುದೇ ಮೇಲು ಎಂದು ನನಗೇ ಅನ್ನಿಸಿತ್ತು. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಸೈಕಲ್ ಸ್ಟ್ಯಾಂಡಿನಲ್ಲಿ ಗುಡಿಸುವ ಕೆಲಸಕ್ಕೆ ಸೇರಿದವನು ಕೆಲವು ವರ್ಷಗಳಲ್ಲೇ ಅದೇ ಸ್ಟ್ಯಾಂಡಿನ ಗುತ್ತಿಗೆ ಹಿಡಿದೆ. ಸೈಕಲ್ಲುಗಳು ಹೋಗಿ ಮೊಪೆಡ್ ಬಂದವು, ಮೊಪೆಡ್ ಹೋಗಿ ಬೈಕು, ಸ್ಕೂಟರ್ ತುಂಬಿದವು. ಸುತ್ತಲ ಹಳ್ಳಿಯವರು ಬೆಳಿಗ್ಗೆ ಗಾಡಿಯನ್ನು ನನ್ನಲ್ಲಿ ಬಿಟ್ಟು ಮೈಸೂರಿನ ಬಸ್ಸು ಹತ್ತುತ್ತಾರೆ, ಸಂಜೆ ಇಳಿದು ಗಾಡಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ನಡುವಿನ ಹೊತ್ತಿನಲ್ಲಿ ಆ ಗಾಡಿಗಳೆಲ್ಲ ನನ್ನವು. ಹಾಗೆಂದೇ ನಾನು ತಿಳಿದಿದ್ದೆ.

ನಮ್ಮ ಕೆಲಸದಲ್ಲಿ ಎರಡು ಪದ್ಧತಿಗಳಿದ್ದವು. ಮೊದಲನೆಯದು, ಯಾರೂ ಹ್ಯಾಂಡಲ್ ಲಾಕ್ ಮಾಡುವಂತಿಲ್ಲ. ಸಂಜೆ ಯಾರ ಬಸ್ಸು ಮೊದಲು ಬರುತ್ತದೋ ಅವರ ಗಾಡಿ ಗೇಟಿನ ಹತ್ತಿರ ಇರಬೇಕು. ಮಧ್ಯಾಹ್ನವೆಲ್ಲ ನಾನು ಗಾಡಿಗಳನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಸುತ್ತಿದ್ದೆ. ಎರಡನೆಯದು, ಬಿಟ್ಟವರ ಕೈಗೇ ಗಾಡಿ ಕೊಡುವುದು. ತಗಡಿನ ಬಿಲ್ಲೆ ಕೊಡುತ್ತಿದ್ದೆ ನಿಜ, ಆದರೆ ಬಿಲ್ಲೆ ಕಳೆದವರಿಗೂ ಮುಖ ನೋಡಿ ಗಾಡಿ ಕೊಟ್ಟಿದ್ದೇನೆ, ಬಿಲ್ಲೆ ತಂದವರಿಗೂ ಮುಖ ನೋಡಿ ಇಲ್ಲ ಅಂದಿದ್ದೇನೆ. ಒಮ್ಮೆ ಹೈಸ್ಕೂಲು ಮೇಷ್ಟ್ರೊಬ್ಬರು ತಮ್ಮ ಭಾಮೈದನ ಕೈಯಲ್ಲಿ ಬಿಲ್ಲೆ ಕಳಿಸಿದ್ದರು. ನಾನು ಕೊಡಲಿಲ್ಲ. ಸಂಜೆ ಮೇಷ್ಟ್ರೇ ಬಂದು, "ಅವನು ನನ್ನ ಹೆಂಡ್ತಿ ತಮ್ಮ ಕಣಯ್ಯಾ, ಕಳ್ಳ ಅಲ್ಲ" ಎಂದು ಬೈದರು. "ನಂಗೇನ್ ಗೊತ್ತು ಸಾ, ಹೆಂಡ್ತಿ ತಮ್ಮಂದಿರೇ ಮೊದ್ಲು ಗಾಡಿ ತಕ್ಕೊಂಡೋಗೋದು" ಅಂದೆ. ನಕ್ಕು ಹೋದರು. ಮಾರನೆಯ ದಿನ ಮನೆಯ ತೋಟದ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟರು.

ಆಮೇಲೆ ಜಾಗದ ಯಜಮಾನರು ಸ್ಟ್ಯಾಂಡನ್ನು ಒಂದು ಕಂಪನಿಗೆ ವಹಿಸಿದರು. ನೆಲಕ್ಕೆ ಕಾಂಕ್ರೀಟು ಬಿತ್ತು, ಹಳದಿ ಗೆರೆ ಬಂತು, ತಾನಾಗಿ ಏಳುವ ಅಡ್ಡಕೋಲಿನ ಗೇಟು ಬಂತು, ಅದರ ಜೊತೆಗೆ ಮೊಬೈಲ್ ಆ್ಯಪ್ ಬಂತು. ಗಾಡಿಯ ನಂಬರನ್ನು ಆ್ಯಪಿನಲ್ಲಿ ಸೇರಿಸಬೇಕು. ಒಳಗೆ ಬರುವಾಗ ಗೇಟಿನ ಕ್ಯಾಮೆರಾ ನಂಬರ್ ಓದಿಕೊಳ್ಳುತ್ತದೆ. ಹೋಗುವಾಗ ಆ್ಯಪಿನಲ್ಲಿ ಹಣ ಕಟ್ಟಿದರೆ ಪರದೆ ಹಸಿರಾಗುತ್ತದೆ, ಗೇಟು ಏಳುತ್ತದೆ. ನನ್ನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡರು. ಅಂಗಿಯ ಮೇಲೆ 'ಸಹಾಯಕ' ಎಂದು ಬರೆದಿತ್ತು. ಬೇಸರವಾಯಿತು, ಆದರೂ ಆ ಹೆಸರನ್ನು ಉಳಿಸಿಕೊಳ್ಳಬೇಕೆಂದು ಬಂದವರಿಗೆಲ್ಲ ಆ್ಯಪ್ ಹೇಳಿಕೊಟ್ಟೆ. ಹಾಲಿನ ಡೇರಿಯ ಒಬ್ಬ ಮುದುಕರು ತಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ನನ್ ಮಗಳ ಮಾತೇ ಕೇಳಾಕಿಲ್ಲ, ಇದು ಗೇಟ್ ತೆಗ್ದಾತಾ ಶಿವಣ್ಣ?" ಅಂದರು. ತೆಗೆಯಿತು. ನನಗೂ ಆಶ್ಚರ್ಯವಾಯಿತು.

ಮಂಜುಳಾ ನನ್ನ ಸ್ಟ್ಯಾಂಡಿಗೆ ಆ ಹೊತ್ತಿಗೆ ನಾಲ್ಕು ವರ್ಷದಿಂದ ಬರುತ್ತಿದ್ದರು. ಹನಗೋಡು ರಸ್ತೆಯ ಕಡೆಯ ಒಂದು ಹಳ್ಳಿ. ಮೈಸೂರಿಗೆ ಹೋಗುವ ದಾರಿಯಲ್ಲಿರುವ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆ ಹಳ್ಳಿಗೆ ಮೊದಲ ಬಸ್ಸು ಬರುವ ಹೊತ್ತಿಗೆ ಫ್ಯಾಕ್ಟರಿಯ ಗೇಟು ಮುಚ್ಚಿರುತ್ತದೆ. ಆದ್ದರಿಂದ ಸ್ಕೂಟರ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಸ್ಕೂಟರಿನ ಕಂತುಗಳನ್ನು ತಮ್ಮ ಸಂಬಳದಲ್ಲೇ ತೀರಿಸಿದ್ದರು, ಆದರೆ ಕೊಳ್ಳುವಾಗ ಕಾಗದ ಪತ್ರವೆಲ್ಲ ಗಂಡ ನಾಗೇಶನ ಹೆಸರಿನಲ್ಲಿ ಆಗಿತ್ತು. ನಮ್ಮ ಕಡೆ ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆ್ಯಪಿಗೆ ಸೇರಿಸುವಾಗ ಒಟಿಪಿ ಆರ್‌ಸಿಯಲ್ಲಿದ್ದ ಫೋನಿಗೆ, ಅಂದರೆ ನಾಗೇಶನ ಫೋನಿಗೆ ಹೋಯಿತು. ಮಂಜುಳಾ ಅವನಿಗೆ ಫೋನ್ ಮಾಡಿ ಕೇಳಿಕೊಂಡರು. ಅವನೂ ಆ್ಯಪ್ ಹಾಕಿಕೊಂಡ ಮೇಲೆ ಅವನ ನಂಬರಿನ ಖಾತೆ ಇಬ್ಬರ ಮೊಬೈಲಿನಲ್ಲೂ ಕೂತುಕೊಂಡಿತು. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಮಂಜುಳಾ ಹೆಲ್ಮೆಟನ್ನು ಮಾತ್ರ ನನ್ನ ಕೋಣೆಯ ಮೊಳೆಗೇ ನೇತುಹಾಕುತ್ತಿದ್ದರು. ನೀಲಿ ಹೆಲ್ಮೆಟ್. "ಇದುಕ್ಕೂ ಆ್ಯಪ್ ಮಾಡ್ಬುಟ್ಟಾರು ಅಣ್ಣ, ಜೋಪಾನ" ಎಂದು ತಮಾಷೆ ಮಾಡುತ್ತಿದ್ದರು. ಆ ತಿಂಗಳು ಅವರನ್ನು ಟೈಲರಿನಿಂದ ಲೈನ್ ಸೂಪರ್‌ವೈಸರ್ ಮಾಡುವ ಮಾತು ನಡೆದಿತ್ತು. ಅದನ್ನು ಮನೆಯಲ್ಲಿ ಹೇಳುವ ಮುಂಚೆ ನನಗೆ ಹೇಳಿದ್ದರು.

೨೦೨೩ರ ಆಗಸ್ಟ್. ಹೊಗೆಸೊಪ್ಪಿನ ಕಾಲ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಬಿಸಿಮನೆಯಲ್ಲಿ ಬೇಯಿಸುವ ಆ ಎರಡು ಮೂರು ತಿಂಗಳು ನಮ್ಮ ಊರುಗಳಲ್ಲಿ ಆಳು ಸಿಗುವುದಿಲ್ಲ. ಮಧ್ಯಾಹ್ನ ನಾಗೇಶ ಸ್ನೇಹಿತನ ಬೈಕಿನ ಹಿಂದೆ ಕೂತು ಬಂದ. ಸಭ್ಯ ಮನುಷ್ಯ, ಕುಡಿದಿರಲಿಲ್ಲ, ಕೂಗಾಡಲಿಲ್ಲ. ಎರಡನೇ ಕೀಲಿಕೈ ತಂದಿದ್ದ. ನೇರ ಸ್ಕೂಟರ್ ಹತ್ತಿರ ಹೋಗಿ ಸ್ಟಾರ್ಟ್ ಮಾಡಿಕೊಂಡು ಗೇಟಿಗೆ ಬಂದ. ನಾನು ಅಡ್ಡ ನಿಂತೆ.

"ಮಂಜುಳಮ್ಮ ಯೋಳಿಲ್ವಲ್ಲ ನಾಗೇಶಪ್ಪ" ಅಂದೆ.

"ಅವ್ಳೇನ್ ಯೋಳೋದು ಅಣ್ಣ, ನಮ್ದೇ ಗಾಡಿ."

"ಸಂಜೆ ಅವ್ರು ಬಂದ್ಮೇಲೆ ಇಬ್ರೂ ಮಾತಾಡ್ಕಂಡು ತಕ್ಕೊಂಡೋಗಿ. ನಾನ್ ಬ್ಯಾಡ ಅನ್ನಾಕಿಲ್ಲ."

ಅವನು ತಗ್ಗಿದ ದನಿಯಲ್ಲಿ, ಗಂಡಸಿಗೆ ಗಂಡಸು ಹೇಳುವ ಹಾಗೆ ಹೇಳಿದ: "ಎಲೆ ಹಣ್ಣಾಯ್ತಾ ಐತೆ ಅಣ್ಣ. ಕಡ್ಡಿ ಕಟ್ಟಕ್ಕೆ ಆಳಿಲ್ಲ. ನಮ್ಮವ್ವನ ಕೈಲಾಗಾಕಿಲ್ಲ. ಎರ್ಡ್ ತಿಂಗ್ಳು ಮನೇಲಿರು ಅಂದ್ರೆ ಕೇಳಾಕಿಲ್ಲ. ಗಾಡಿ ಇಲ್ದಿದ್ರೆ ತಾನಾಗ್ ಇರ್ತಾಳೆ."

ಅಲ್ಲಿಗೆ ನನಗೆ ಪೂರ್ತಿ ತಿಳಿಯಿತು. ಅವನು ಸ್ಕೂಟರ್ ಒಯ್ಯುತ್ತಿರಲಿಲ್ಲ, ಕೆಲಸವನ್ನೇ ಒಯ್ಯುತ್ತಿದ್ದ. ಹ್ಯಾಂಡಲ್ ಹಿಡಿದುಕೊಂಡೆ. ಮಂಜುಳಾ ಅವರಿಗೆ ಫೋನ್ ಮಾಡಿದೆ. ಫ್ಯಾಕ್ಟರಿಯಲ್ಲಿ ಫೋನುಗಳನ್ನು ಬಾಗಿಲಲ್ಲೇ ಇಟ್ಟುಕೊಳ್ಳುತ್ತಾರೆ, ಸ್ವಿಚ್ ಆಫ್. ಕಂಪನಿಯ ಮ್ಯಾನೇಜರಿಗೆ ಮಾಡಿದೆ. ಅವರು ಮೈಸೂರಿನಲ್ಲಿ ಕೂತಿದ್ದರು.

"ಸ್ಕ್ರೀನ್ ಹಸಿರು ತೋರಿಸ್ತಿದೆಯಾ?" ಎಂದು ಕೇಳಿದರು.

"ಇನ್ನೂ ಕಟ್ಟಿಲ್ಲ ಸಾರ್. ಆದ್ರೆ ಗಾಡಿ ಬಿಟ್ಟಿದ್ದು ಈಯಪ್ಪ ಅಲ್ಲ."

"ಖಾತೆ ಅವರ ಮೊಬೈಲಲ್ಲಿದ್ರೆ ಅವರೇ ಕಸ್ಟಮರ್. ಶಿವಣ್ಣ, ಮನೆ ವಿಷಯ ಅದು, ನೀವು ತಲೆ ಹಾಕಬೇಡಿ. ಗೇಟ್ ಬ್ಲಾಕ್ ಮಾಡಿದ್ರೆ ನನಗೆ ಕಂಪ್ಲೇಂಟ್ ಬರುತ್ತೆ."

ಹಿಂದೆ ಬೈಕುಗಳು ಸಾಲು ನಿಂತಿದ್ದವು. "ಶಿವಣ್ಣೋ, ಗಂಡ ಹೆಂಡ್ತಿ ಪಂಚಾಯ್ತಿ ಆಮ್ಯಾಕ್ ಮಾಡೀವಂತೆ, ದಾರಿ ಬುಡು" ಎಂದು ಒಬ್ಬ ಕೂಗಿದ. ಮಿಕ್ಕವರು ನಕ್ಕರು. ನಾಗೇಶ ನನ್ನ ಮುಖ ನೋಡುತ್ತಲೇ ಹೆಬ್ಬೆರಳಿನಲ್ಲಿ ಮೊಬೈಲ್ ಒತ್ತಿದ. ಪರದೆ ಹಸಿರಾಯಿತು. ನನ್ನ ಬೆನ್ನ ಹಿಂದೆ ಅಡ್ಡಕೋಲು ಕುಯ್ ಎಂದು ಮೇಲೆದ್ದಿತು. ಮೂವತ್ತು ವರ್ಷದಲ್ಲಿ ಆ ಜಾಗದಿಂದ ನಾನು ಬೇಡ ಎಂದ ಮೇಲೂ ಹೊರಗೆ ಹೋದ ಗಾಡಿ ಒಂದೂ ಇರಲಿಲ್ಲ. ಇನ್ನೂ ಒಂದು ಗಳಿಗೆ ಹ್ಯಾಂಡಲ್ ಹಿಡಿದೇ ಇದ್ದೆ. ಆಮೇಲೆ ಕೈ ಬಿಟ್ಟೆ. ಬಿಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಏನೂ ಆಗುತ್ತಿರಲಿಲ್ಲ, ಆ ಸಾಲಿನವರೇ ಬಂದು ಬಿಡಿಸುತ್ತಿದ್ದರು.

ಸಂಜೆಯವರೆಗೆ ಕೂರಲಾಗಲಿಲ್ಲ. ಆ್ಯಪಿನ ಸಹಾಯದ ಪುಟ ತೆರೆದೆ. ಹಣ ಹೋಗಿದೆ ರಸೀದಿ ಬಂದಿಲ್ಲ, ಗಾಡಿಯ ನಂಬರ್ ತಪ್ಪಾಗಿದೆ, ಹಣ ವಾಪಸ್ ಬೇಕು, ಹೀಗೆ ಕೆಲವು ಸಾಲುಗಳಿದ್ದವು. ನನ್ನ ಕಷ್ಟ ಯಾವ ಸಾಲಿನಲ್ಲೂ ಇರಲಿಲ್ಲ. ಕೊನೆಗೆ 'ಇತರೆ' ಒತ್ತಿ, ಬಿಟ್ಟವರು ಬೇರೆ ತೆಗೆದವರು ಬೇರೆ ಎಂದು ತಡವರಿಸಿ ಬರೆದೆ. ಪಾರ್ಕಿಂಗ್ ಯಶಸ್ವಿಯಾಗಿ ಮುಗಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಉತ್ತರ ಬಂತು.

ಏಳು ಗಂಟೆಯ ಬಸ್ಸಿನಲ್ಲಿ ಮಂಜುಳಾ ಬಂದರು. ದಿನದಂತೆ ತಮ್ಮ ಸಾಲಿಗೆ ಹೋಗಿ ನಿಂತರು. ಆಚೆ ಈಚೆ ನೋಡಿದರು. ಗಾಬರಿ ಏನೂ ಇರಲಿಲ್ಲ.

"ಅಣ್ಣ, ಗಾಡಿ ಯಾವ್ ಸಾಲ್ಗೆ ಸರ್ಸಿದ್ದೀರಿ?"

ಹಳದಿ ಗೆರೆ ಬಂದ ಮೇಲೆ ನಾನು ಒಂದು ಗಾಡಿಯನ್ನೂ ಸರಿಸಿರಲಿಲ್ಲ. ಆದರೂ ಅವರಿಗೆ ಹೊಳೆದದ್ದು ಅದೇ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಡೆದದ್ದನ್ನು ಹೇಳಿದೆ.

"ನೀವು ಕೊಟ್ರಾ?"

"ನಾನ್ ಕೊಡ್ನಿಲ್ಲ ಕಣಮ್ಮ. ಅದು ಬುಟ್ಬುಡ್ತು" ಎಂದು ಗೇಟಿನ ಕಡೆ ಕೈ ತೋರಿಸಿದೆ.

"ಮೊದ್ಲಾಗಿದ್ರೆ ಕೊಡ್ತಿರ್ನಿಲ್ಲ, ಅಲ್ವಾ?"

ಪೊಲೀಸ್ ಠಾಣೆಗೆ ಹೋಗೋಣವೇ ಎಂದು ಕೇಳಿದೆ. "ಕಾಗ್ದ ಅವರೆಸ್ರಲ್ಲೈತೆ ಅಣ್ಣ. ಹೋಗಿ ಏನಂತ ಯೋಳಾನ?" ಅಂದರು. ನನ್ನ ಮೊಪೆಡಿನಲ್ಲಿ ಬಿಡುತ್ತೇನೆ ಅಂದರೆ ಅದಕ್ಕೂ ಒಪ್ಪಲಿಲ್ಲ. ಊರಿನವರ ಕಣ್ಣಿಗೆ ಇನ್ನೊಂದು ಕತೆಯಾಗುತ್ತಿತ್ತು. ಗುರುತಿನ ಆಟೋದವನಿಗೆ ಹೇಳಿ ಹತ್ತಿಸಿದೆ. ಹೆಲ್ಮೆಟ್ ಮೊಳೆಯಲ್ಲೇ ಉಳಿಯಿತು.

ಒಂದು ವಾರ ಅವರು ಕೆಲಸ ಬಿಡಲಿಲ್ಲ. ಹಾಲಿನ ವ್ಯಾನಿನಲ್ಲಿ ಮುಂದಿನ ಸೀಟಿಗೆ ಒತ್ತಿಕೊಂಡು ಬಂದರು. ಆದರೆ ವ್ಯಾನು ಡೇರಿ ಡೇರಿಗೂ ನಿಂತು ಬರುತ್ತದೆ; ಎರಡು ದಿನ ಫ್ಯಾಕ್ಟರಿಯ ಬಾಗಿಲಿನಿಂದ ವಾಪಸ್ ಕಳಿಸಿದರು. ಸೂಪರ್‌ವೈಸರ್ ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಅವರು ಬರುವುದು ನಿಂತಿತು. ಸ್ಕೂಟರ್ ಮಾತ್ರ ಊರಿನೊಳಗೆ ಆಗಾಗ ಕಾಣುತ್ತಿತ್ತು, ಹಿಂದೆ ಗೊಬ್ಬರದ ಚೀಲವೋ ಗೋಣಿದಾರದ ಉಂಡೆಯೋ ಹೇರಿಕೊಂಡು.

ಸೊಪ್ಪಿನ ಕಾಲ ಮುಗಿಯುವ ಹೊತ್ತಿಗೆ ಸಂತೆಯಲ್ಲಿ ಮಂಜುಳಾ ಸಿಕ್ಕಿದರು. ಬೆರಳುಗಳೆಲ್ಲ ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾಗಿದ್ದವು. ನಾನು ನೋಡಿದ್ದು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಎಲ್ಮೆಟ್ ಅಲ್ಲೇ ಐತೆ ಕಣಮ್ಮ" ಅಂದೆ.

"ಇರ್ಲಿ ಬುಡಿ ಅಣ್ಣ" ಅಂದರು. "ಯಾರ್‌ಗೂ ಕೊಡ್ಬ್ಯಾಡಿ."

ಮುಂದಿನ ವರ್ಷವೂ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಅವರ ಮಿಷನ್ನಿನ ಮುಂದೆ ಪಿರಿಯಾಪಟ್ಟಣದ ಕಡೆಯ ಹುಡುಗಿಯೊಬ್ಬಳು ಕೂರುತ್ತಾಳೆಂದು, ಅದೇ ಲೈನಿನಲ್ಲಿ ಕೆಲಸ ಮಾಡುವ ಒಬ್ಬರು ಗಾಡಿ ಬಿಡುವಾಗ ಹೇಳಿದರು.

ಆ್ಯಪನ್ನು ನಾನು ಬೈಯುವುದಿಲ್ಲ. ಚಿಲ್ಲರೆ ಜಗಳ ನಿಂತಿದೆ, ಸಾಲು ಬೇಗ ಕರಗುತ್ತದೆ, ಮಳೆಯಲ್ಲಿ ನೆನೆದುಕೊಂಡು ಬಿಲ್ಲೆ ಹುಡುಕುವ ಕಷ್ಟವಿಲ್ಲ. ಆದರೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಗಾಡಿ ಕಾಯುವುದೆಂದರೆ ಗಾಡಿಯನ್ನು ಕಾಯುವುದಲ್ಲ, ಅದನ್ನು ನಂಬಿ ಬಿಟ್ಟುಹೋದವರನ್ನು ಕಾಯುವುದು. ಅಡ್ಡ ನಿಲ್ಲುವ ಹಕ್ಕು ಹೋದ ಮೇಲೆ ಗೇಟಿನಲ್ಲಿ ನಾನು ನಿಂತಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ದಿನಾ ಬೆಳಿಗ್ಗೆ ಐದಕ್ಕೆ ಹೋಗಿ ನಿಲ್ಲುತ್ತೇನೆ. ನನಗೆ ಬರುವ ಕೆಲಸ ಅದೊಂದೇ.

ಈಗ ನನ್ನ ಬಳಿ ಇರುವುದು: ಕಂಪನಿಯ ಅಂಗಿ ಎರಡು, ಒಂದು ಪೀಪಿ, ಒಂದು ಕಬ್ಬಿಣದ ಕುರ್ಚಿ, ಯಾರಿಗೂ ಬೇಡವಾದ ತಗಡಿನ ಬಿಲ್ಲೆಗಳ ಒಂದು ಡಬ್ಬ, ಮತ್ತು ಮೊಳೆಯಲ್ಲಿ ಒಂದು ನೀಲಿ ಹೆಲ್ಮೆಟ್.