ಮಲ್ಕಪ್ಪ ಟೇಲರ್ ಆರಿಸಿಕೊಟ್ಟ ಹಾಡುಗಳು

ಗಿಟಾರ್ ಕಲಿಯಲು ಬಂದವರಿಗೆ ಮಲ್ಕಪ್ಪ ಟೇಲರ್ ಮೊದಲ ದಿನ ಗಿಟಾರ್ ಮುಟ್ಟಲು ಬಿಡುತ್ತಿರಲಿಲ್ಲ. ಕೊರಳಲ್ಲಿ ಜೋತುಬಿದ್ದಿದ್ದ ಟೇಪು ತೆಗೆದು ಎಡಗೈಯ ಅಳತೆ ತೆಗೆದುಕೊಳ್ಳುತ್ತಿದ್ದರು. ಅಂಗೈ ಅಗಲ, ಒಂದೊಂದು ಬೆರಳಿನ ಉದ್ದ, ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಎಷ್ಟು ಇಂಚು, ಎಲ್ಲವನ್ನೂ ಬ್ಲೌಸು ಪೈಜಾಮಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಳ್ಳುತ್ತಿದ್ದರು. ನನ್ನ ಬಗ್ಗೆ ಬರೆದದ್ದು ಇನ್ನೂ ನೆನಪಿದೆ: 'ಸಾಲಿ ಅಕ್ಕೋರು. ಕಿರುಬೆರಳು ಗಿಡ್ಡ. ಸಿಟ್ಟು ಐತಿ.'

"ಸಿಟ್ಟು ಅಂತ ಯಾಕ ಬರದ್ರಿ ಕಾಕಾ?" ಎಂದು ಕೇಳಿದೆ.

"ಟೇಪ್ ಹಿಡದಾಗ ಎರಡ ಸಲ ಕೈ ಜಗ್ಗಿದ್ರಿ. ಸಿಟ್ಟಿದ್ದವರಿಗಿ ಉದ್ದನ್ನ ಹಾಡ ಕೊಡಬಾರದ್ರಿ. ನಡುವ ಬಿಟ್ಟ ಏಳತಾರ."

ಆಗ ನಾನು ಬಬಲೇಶ್ವರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ನುಡಿಸೋಣವೆಂದು ವಿಜಯಪುರದಿಂದ ಹುರುಪಿನಲ್ಲಿ ಗಿಟಾರ್ ತಂದಿದ್ದೆ. ಆರು ತಿಂಗಳು ಅದು ಕಪಾಟಿನ ಮೇಲೆ ಧೂಳು ತಿಂದಿತು. ಊರಲ್ಲಿ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಎಲ್ಲರೂ ಬಜಾರದ ಟೇಲರ್ ಅಂಗಡಿ ತೋರಿಸಿದರು. ಚೇಷ್ಟೆ ಮಾಡುತ್ತಿದ್ದಾರೆಂದೇ ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಿಯೂ ಎರಡು ಮಷೀನುಗಳ ನಡುವಿನ ಗೋಡೆಯಲ್ಲಿ, ಸೋಫಾ ಬಟ್ಟೆಯ ಹೂವಿನ ಚೀಲದೊಳಗೆ, ಗಿಟಾರ್ ತೂಗುತ್ತಿತ್ತು. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ ಮಲ್ಕಪ್ಪ. ಅವರ ಹೆಂಡತಿ ನೀಲವ್ವ ಬಾಗಿಲ ಬೆಳಕಿಗೆ ಕುಳಿತು ತುರಪಿ ಹಾಕುತ್ತಿದ್ದರು. ಪ್ಯಾಂಟಿನ ತುದಿ, ಬ್ಲೌಸಿನ ಅಂಚು ಮಡಚಿ ಕೈಯಲ್ಲೇ ಹೊಲಿಯುವ ಕೆಲಸ ಅವರದು.

ಆ ಗಿಟಾರ್ ಕೂಡ ಚೀಲ ಹೊಲಿಯಲೆಂದು ಬಂದದ್ದಂತೆ. ಕೊಟ್ಟುಹೋದ ಗಿರಾಕಿಗೆ ಬೇರೆ ಊರಲ್ಲಿ ನೌಕರಿ ಸಿಕ್ಕಿತು. ಫೋನ್ ಮಾಡಿದರೆ, "ನೀವ ಇಟ್ಕೋರಿ" ಎಂದನಂತೆ. ಚೀಲ ಹೊಲಿದದ್ದು ವ್ಯರ್ಥವಾಗಬಾರದೆಂದು ಮಲ್ಕಪ್ಪ ಕಲಿಯಲು ಶುರುಮಾಡಿದರು ಎಂದು ಊರಿನವರು ನಗುತ್ತಿದ್ದರು. ನಿಜವಾದ ಕಾರಣವನ್ನು ಅವರೇ ಮೊದಲ ದಿನ ನನಗೆ ಹೇಳಿದರು.

"ಇಕಿ ಒಂದ ಹಾಡ ಹಾಡ್ತಾಳ್ರಿ ಅಕ್ಕೋರ, ತುರಪಿ ಹಾಕ್ಕೋತ. ಮೂವತ್ತೈದ ವರ್ಷ ಆತು, ನಾ ಬರೇ ಕೇಳ್ಕೋತ ಬಂದೇನಿ. ಒಂದ ಸಲರೆ ಜೋಡಿ ಕೂಡಿಸಬೇಕಂತ ಆಸೆ ಐತಿ. ನನ್ನ ದನಿ ಕೇಳಿದ್ರ ಗಿರಾಕಿ ಓಡಿ ಹೋಗತಾರ. ಅದಕ್ಕ ಗಿಟಾರ."

ನೀಲವ್ವ ತಲೆ ಎತ್ತದೆ, "ನಾ ಏನ್ ಹಾಡ್ತೇನ್ರಿ, ಬಾಯಿ ಸುಮ್ಮನ ಇರೂದಿಲ್ಲ, ಅಷ್ಟ" ಎಂದರು. ಅದು ಕಾಖಂಡಕಿಯ ತವರಿನಲ್ಲಿ ಅವರವ್ವ ಬೀಸುವಾಗ ಹಾಡುತ್ತಿದ್ದ ಪದ. ಯಾರಾದರೂ ಕಿವಿಗೊಟ್ಟದ್ದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ಮೊದಲ ಹಾಡು ಆರಿಸುವ ಮಲ್ಕಪ್ಪನವರ ರೀತಿಯೇ ಬೇರೆ. "ರೊಟ್ಟಿ ಬಡಿಯೂವಾಗ ಯಾವ ಹಾಡ ಬಾಯಿಗಿ ಬರ್ತೈತ್ರಿ?" ಎಂದು ಕೇಳಿದರು. ನಾನು ಸಂಭ್ರಮದಿಂದ ಒಂದು ಸಿನಿಮಾ ಹಾಡು ಹೇಳಿದೆ.

"ಅದು ಭಾಳ ಸೇರತೈತೇನ್ರಿ?"

"ಹೌದ್ರಿ, ಜೀವ ಅದರಾಗ."

"ಹಂಗಾರ ಅದು ಬ್ಯಾಡ. ಹೊಸಾದಾಗಿ ಕತ್ತರಿ ಹಿಡದವರ ಕೈಯಾಗ ರೇಷ್ಮಿ ಕೊಡತಾರೇನ್ರಿ? ಮದಲ ಹಳೇ ಅರಿವಿ ಮ್ಯಾಲ ಕೈ ಕೂಡಬೇಕು. ಕೆಟ್ಟರೂ ಹೊಟ್ಟಿ ಉರೀಬಾರದು, ಅಂತಾ ಹಾಡ ಹೇಳ್ರಿ."

ಕೊನೆಗೆ ಒಂದನೇ ತರಗತಿಯ ಒಂದು ಪದ್ಯ ನನ್ನ ಪಾಲಿಗೆ ಬಂತು. ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಒತ್ತಿ ಹಿಡಿಯುವುದಕ್ಕೆ ಕಲಿತವರು ಕಾರ್ಡ್ ಎನ್ನುತ್ತಾರೆ. ಅವರು ಪಟ್ಟು ಎನ್ನುತ್ತಿದ್ದರು. ನನ್ನ ಪದ್ಯಕ್ಕೆ ಎರಡೇ ಪಟ್ಟು. ಅವಮಾನವೆನಿಸಿತು. ಆದರೆ ಎಂಟನೇ ದಿನ ಅದನ್ನು ಮೊದಲಿನಿಂದ ಕೊನೆಯತನಕ ನಿಲ್ಲಿಸದೆ ನುಡಿಸಿದಾಗ ಆದ ಖುಷಿಗೆ ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಆಮೇಲಿನ ಹಾಡುಗಳೂ ಹೀಗೇ ಅಳತೆಗೆ ಬಂದವು. ಒಂದರಲ್ಲಿ ಮೂರು ಪಟ್ಟು, ಪಟ್ಟು ಬದಲಾಗುವುದು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ. ಕಷ್ಟದ ಪಟ್ಟು ಬಂದರೆ ಅವರು ಹಾಡನ್ನೇ ಕತ್ತರಿಸುತ್ತಿದ್ದರು. "ಇಲ್ಲಿ ನಿಮಗ ಕಂಕಳಾಗ ಬಿಗಿ ಹಿಡಿತೈತಿ, ಇದನ್ನ ತಗದ ಬಿಡೂಣು. ಒಳಗ ಮಾರ್ಜಿನ್ ಇಟ್ಟೇನಿ, ಮುಂದ ಕೈ ಬೆಳದ್ರ ಬಿಚ್ಚಿಕೊಳ್ರಿ." ತೆಗೆದ ಪಟ್ಟಿನ ಹೆಸರನ್ನು ಪುಸ್ತಕದಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಪ್ರತಿ ಭಾನುವಾರ ನಾನು, ಔಷಧ ಅಂಗಡಿಯ ಒಬ್ಬರು, ಕಾಲೇಜಿನ ಒಬ್ಬ ಹುಡುಗಿ, ಮೂವರೂ ಬಟ್ಟೆಯ ಗಂಟುಗಳ ನಡುವೆ ಕುಳಿತು ಕಲಿಯುತ್ತಿದ್ದೆವು.

ಒಂದು ಸೋಮವಾರ ಶಾಲೆಗೆ ಸ್ಥಳೀಯ ರಜೆ. ತಂತಿ ಹರಿದಿತ್ತೆಂದು ವಿಜಯಪುರಕ್ಕೆ ಹೋದೆ. ವಾದ್ಯಗಳ ಅಂಗಡಿಯ ಮಹಡಿಯಲ್ಲಿ ಗಿಟಾರ್ ಕ್ಲಾಸು ನಡೆದಿತ್ತು. "ಮಲ್ಕಪ್ಪನವರ, ಕಿರುಬೆರಳು ಮ್ಯಾಲ ಎತ್ತಬ್ಯಾಡ್ರಿ!" ಎಂದು ಯಾರೋ ಗದರಿದ್ದು ಕೇಳಿಸಿತು. ಮೆಟ್ಟಿಲು ಹತ್ತಿ ಇಣುಕಿದೆ. ಯೂನಿಫಾರ್ಮ್ ತೊಟ್ಟ ಶಾಲಾ ಮಕ್ಕಳ ಸಾಲಿನಲ್ಲಿ ನಮ್ಮ ಗುರುಗಳು ಕುಳಿತಿದ್ದರು. ಅವರಿಗೆ ಮಗನಾಗಬಹುದಾದ ವಯಸ್ಸಿನ ಮಾಸ್ತರ ಅವರ ಬೆರಳು ಹಿಡಿದು ತಿದ್ದುತ್ತಿದ್ದ. ಹಿಂದಿನ ದಿನ ಅವರು ನನಗೆ ಕಲಿಸಿದ್ದು ಹೋದ ವಾರ ಇಲ್ಲಿ ಕಲಿತದ್ದು ಎಂದು ತಲೆಗೆ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಸುಲಭದ ಹಾಡು ಕೊಟ್ಟದ್ದು ನನಗಾಗಿ ಅಲ್ಲ, ಇವರಿಗೇ ಬೇರೇನೂ ಬಾರದ್ದಕ್ಕೆ ಎಂದುಕೊಂಡೆ. ಮಾತಾಡಿಸದೆ ಬಸ್ಸು ಹತ್ತಿದೆ.

ಆ ವಾರವೆಲ್ಲ ಶಾಲೆಯಿಂದ ಬಂದವಳೇ ಮೊಬೈಲ್ ಮುಂದಿಟ್ಟುಕೊಂಡು ನನ್ನ ಜೀವದ ಸಿನಿಮಾ ಹಾಡನ್ನು ಕಲಿತೆ. ಏಳು ಪಟ್ಟು. ಬೆರಳ ತುದಿ ಸುಲಿದುಹೋಯಿತು. ಭಾನುವಾರ ಎಲ್ಲರ ಮುಂದೆ ನುಡಿಸಿ, "ಕಾಕಾ, ಈಗ ನೀವ ಒಮ್ಮೆ ಬಾರಸ್ರಿ" ಎಂದೆ.

ಮಲ್ಕಪ್ಪ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. "ಇದು ನನಗ ಬರೂದಿಲ್ರಿ ಅಕ್ಕೋರ. ಇನ್ನ ಅಲ್ಲೀತನಾ ಹೋಗಿಲ್ಲ."

"ಮತ್ತ ಇದನ್ನ ಮದಲ ಹೇಳಬೇಕಿಲ್ಲೇನ್ರಿ?"

ಉತ್ತರ ಕೊಟ್ಟವರು ನೀಲವ್ವ. "ಅಯ್ಯ, ಅಕ್ಕೋರಿಗಿ ಗೊತ್ತಿಲ್ಲೇನು? ಸೋಮವಾರ ಅಂಗಡಿ ಬಂದ್ ಮಾಡಿ ಇವರು ಸಾಲಿಗಿ ಹೋಗೂದು ಊರಿಗೆಲ್ಲಾ ಗೊತ್ತೈತಿ." ಔಷಧ ಅಂಗಡಿಯವರು ನಕ್ಕರು, ಅವರಿಗೂ ಗೊತ್ತಿತ್ತು. ಕೇಳದೆ ಇದ್ದವಳು ನಾನೊಬ್ಬಳೇ. ಮಲ್ಕಪ್ಪನವರು ಸಣ್ಣಮುಖ ಮಾಡಲಿಲ್ಲ. "ಸೋಮವಾರ ಕಲ್ತಿದ್ದ ಐತಾರ ಹೇಳಿಕೊಟ್ರ ಮರ್ತ ಹೋಗೂದಿಲ್ರಿ, ಅದಕ್ಕ ಕಲಸಾಕತ್ತೇನಿ. ಛಲೋ ಬಾರಿಸಿದ್ರಿ. ಇನ್ನ ನನ್ನ ಹತ್ರ ಕುಂತ್ರ ನಿಮಗ ಬಿಗಿ ಆಗತೈತಿ. ಆ ಮಾಸ್ತರಗ ಹೇಳ್ತೇನಿ, ಅಲ್ಲೇ ಬರ್ರಿ." ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನಿಸಿತು. ಮುಂದಿನ ವಾರದಿಂದ ವಿಜಯಪುರದ ಕ್ಲಾಸಿಗೆ ಹೋದೆ, ಶನಿವಾರದ ಬ್ಯಾಚಿಗೆ. ನನಗಾಗಿ ಅಲ್ಲಿ ಹೇಳಿಟ್ಟವರು ಅವರೇ.

ಮುಂದೆ ನನಗೆ ತಿಕೋಟಾಕ್ಕೆ ವರ್ಗವಾಯಿತು. ಗಿಟಾರ್ ಕೈ ಹಿಡಿಯಿತು, ಶಾಲೆಗಳ ವಾರ್ಷಿಕ ಗ್ಯಾದರಿಂಗ್‌ಗಳಲ್ಲಿ ನುಡಿಸಿ ಹೆಸರೂ ಬಂತು. ಬಬಲೇಶ್ವರಕ್ಕೆ ಹೋಗುವುದು ಕಡಿಮೆಯಾಯಿತು. ನಡುವೆ ಒಂದೆರಡು ಸಲ ಹೋದಾಗ ನನ್ನ ಹೊಸ ಹಾಡುಗಳನ್ನು ನುಡಿಸಿ ತೋರಿಸಿ, ಹೊಗಳಿಸಿಕೊಂಡು, ಚಹಾ ಕುಡಿದು ಬಂದೆ.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ ಶ್ರಾವಣದಲ್ಲಿ. ಅವರು ಕಲಿಯಲು ಶುರುಮಾಡಿ ಏಳು ವರ್ಷವಾಗಿತ್ತು. ಅಂದು ಯಾಕೋ, "ನೀಲವ್ವನವರ ಹಾಡು ಎಲ್ಲೀತನಕ ಬಂತ್ರಿ ಕಾಕಾ?" ಎಂದು ಕೇಳಿದೆ. ಅಳತೆ ಪುಸ್ತಕದ ಒಂದು ಹಾಳೆ ತೆರೆದು ತೋರಿಸಿದರು. ಮೇಲೆ 'ನೀಲವ್ವ' ಎಂದು ಬರೆದಿತ್ತು, ಕೆಳಗೆ ಖಾಲಿ.

"ಅದು ರೇಷ್ಮಿ ಅಲ್ರಿ? ಏಳೆಂಟ ಪಟ್ಟರೆ ಬೇಕಾಗತಾವು. ಎರಡ್ಮೂರ ಸಲ ನೋಡಿದೆ. ನಾ ಪಟ್ಟು ಬದಲ ಮಾಡೂದ್ರಾಗ ಇಕಿ ಹಾಡ ನಿಂತ ಬಿಡತೈತಿ. ಇನ್ನ ಕೈ ಕೂಡಿಲ್ಲ."

ಹೊರಗೆ ಜಿಟಿಜಿಟಿ ಮಳೆ, ಗಿರಾಕಿಗಳಿರಲಿಲ್ಲ. ನೀಲವ್ವ ಬಾಗಿಲಲ್ಲಿ ತುರಪಿ ಹಾಕುತ್ತ ಹಾಡುತ್ತಿದ್ದರು. ನಾನು ಗೋಡೆಯ ಗಿಟಾರ್ ಇಳಿಸಿಕೊಂಡು, ಅವರಿಗೆ ಬೆನ್ನು ಮಾಡಿ ಕುಳಿತು, ಶ್ರುತಿ ಏರಿಸುವ ಕ್ಲಿಪ್ಪನ್ನು ಅವರ ದನಿಗೆ ಸರಿಸಿ, ಮಲ್ಕಪ್ಪನವರು ಎಲ್ಲರಿಗೂ ಮೊದಲ ದಿನ ಕಲಿಸುತ್ತಿದ್ದ ಎರಡು ಬೆರಳಿನ ಪಟ್ಟು ಹಿಡಿದು ಮೆಲ್ಲಗೆ ಮೀಟುತ್ತ ಹೋದೆ. ಎಲ್ಲಿ ಬದಲಾಯಿಸಬೇಕು ಎಂದು ಕಾದೆ. ನುಡಿ ಮುಗಿದು ಇನ್ನೊಂದು ನುಡಿ ಬಂತು, ಮತ್ತೊಂದು ಬಂತು. ಬದಲಾಯಿಸುವ ಜಾಗ ಬರಲೇ ಇಲ್ಲ. ಬೀಸುವಾಗ ಹಾಡುವ ಪದ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

"ಕಾಕಾ, ಇದಕ್ಕ ಒಂದ ಪಟ್ಟು ಸಾಕ್ರಿ," ಎಂದೆ.

"ಒಂದ?"

"ಒಂದರಿ. ಬದಲ ಮಾಡೂದ ಬೇಕಿಲ್ಲ."

"ಏಳ ವರ್ಷ ಹಳೇ ಅರಿವಿ ಮ್ಯಾಲ ಕತ್ತರಿ ಆಡಿಸಿದ್ನೆಲ್ರಿ ಅಕ್ಕೋರ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬಂದಾಗೆಲ್ಲ ನನ್ನ ದೊಡ್ಡಸ್ತಿಕೆ ತೋರಿಸುವ ಬದಲು ಒಂದು ಸಲ ಈ ಮಾತು ಕೇಳಿದ್ದರೆ, ಅವರ ಅಷ್ಟು ವರ್ಷ ಉಳಿಯುತ್ತಿತ್ತು. ಅದನ್ನು ಅವರಿಗೆ ಹೇಳಿದೆ ಕೂಡ. "ಬಿಡ್ರಿ, ಈಗ ಸಿಕ್ತಲ್ಲ" ಎಂದು ಗಿಟಾರ್ ಇಸಿದುಕೊಂಡರು.

ಕಿರುಬೆರಳು ಎತ್ತಿಕೊಂಡೇ ನುಡಿಸಿದರು. ನೀಲವ್ವ ಎಂಟು ನುಡಿ ಹಾಡಿದರು, ಎಲ್ಲಿಯೂ ನಿಲ್ಲಲಿಲ್ಲ. ದಾರ ಮುಗಿದಾಗ ಸೂಜಿಗೆ ಪೋಣಿಸಲು ಸುಮ್ಮನಾದರು.

"ಹೆಂಗಾತು?" ಎಂದು ಮಲ್ಕಪ್ಪ ಕೇಳಿದರು.

"ಏನ್ ಹೆಂಗಾತ್ರಿ?"

"ಗಿಟಾರ ಕೇಳಲಿಲ್ಲೇನು?"

"ನನಗೇನ್ ಗೊತ್ತು, ಹಾಡ್ಕೋತ ಕುಂತಿದ್ದೆ," ಎಂದು ಅವರು ದಾರದ ತುದಿ ಬಾಯಲ್ಲಿಟ್ಟುಕೊಂಡರು.

ನನಗೆ ಪೆಚ್ಚೆನಿಸಿತು. ಮಲ್ಕಪ್ಪನವರ ಮುಖ ಮಾತ್ರ ಅರಳಿತ್ತು. "ಹಾಕ್ಕೊಂಡಾಕಿಗಿ ಗೊತ್ತಾಗಲಿಲ್ಲ ಅಂದ್ರ ಫಿಟಿಂಗ್ ಬರೋಬ್ಬರಿ ಬಂದೈತ್ರಿ ಅಕ್ಕೋರ!"

ದೀಪಾವಳಿಯ ಹೊಲಿಗೆ ಮುಗಿಸಿ ಎದೆನೋವೆಂದು ಮಲಗಿದ ಮಲ್ಕಪ್ಪ ಏಳಲಿಲ್ಲ. ತಿಕೋಟಾಕ್ಕೆ ಸುದ್ದಿ ತಡವಾಗಿ ಬಂತು. ಹದಿನೈದು ದಿನದ ಮೇಲೆ ಹೋದಾಗ ಅಂಗಡಿ ಅರ್ಧ ತೆರೆದಿತ್ತು, ನೀಲವ್ವ ಉಳಿದ ಬಟ್ಟೆಗಳಿಗೆ ತುರಪಿ ಹಾಕುತ್ತಿದ್ದರು. ಶ್ರಾವಣದಿಂದ ದಿನಾಲೂ ಊಟವಾದ ಮೇಲೆ ಕಾಕಾ ತಮ್ಮ ಹಾಡಿನ ಜೊತೆ ನುಡಿಸುತ್ತಿದ್ದರೆಂದು ಅವರೇ ಹೇಳಿದರು. "ಈಗೂ ಹಾಡ್ತೀರೇನ್ರಿ?" ಎಂದು ಕೇಳಿಬಿಟ್ಟೆ.

"ಬಾಯಿಗಿ ಬರ್ತೈತ್ರಿ," ಎಂದರು. ಸೂಜಿ ನಿಲ್ಲಿಸಿದರು. "ಆದ್ರ ಯಾಕೋ ಹಾಡ ಸಡಲ ಆಗೇತ್ರಿ ಅಕ್ಕೋರ. ಎಲ್ಲಿ ಹಿಡದು ಹೊಲೀಬೇಕನ್ನೂದ ತಿಳೀವಲ್ದು."